ಓದುಗರ ಪ್ರಶ್ನೆ: ಸಮ್ಮರ್ ಲಾಗರ್ ಎಲ್ಲಾ ಒಂದೇ ಥರ ಇರತ್ತಲ್ಲ, ಒಳ್ಳೇದನ್ನ ಹುಡ್ಕೋದು ಹೇಗೆ?

ಮೇ ತಿಂಗಳು ಬಂತು ಅಂದ್ರೆ ಈ ಪ್ರಶ್ನೆ ಯಾವ್ದಾದ್ರೂ ಒಂದು ರೂಪದಲ್ಲಿ ಬಂದೇ ಬರತ್ತೆ. ಈ ಸಲ ಕೇಳಿದವ್ರು ನ್ಯೂ ಜೆರ್ಸಿಯಲ್ಲಿರೋ ಒಬ್ರು: "ಬೇಸಿಗೆಯಲ್ಲಿ ಅಂಗಡಿ ತುಂಬಾ ಸಮ್ಮರ್ ಅಂತ ಬರ್ದಿರೋ ಬಿಯರ್ ಕ್ಯಾನ್‌ಗಳು. ನಾಲ್ಕೈದು ಥರ ತಂದು ಕುಡ್ದೆ, ಎಲ್ಲಾ ತಣ್ಣಗಿರೋ ಹಳದಿ ನೀರು ಅನ್ನಿಸ್ತು. ನಿಜ್ವಾಗ್ಲೂ ವ್ಯತ್ಯಾಸ ಇದ್ಯಾ, ಇಲ್ಲಾ ಬರೀ ಡಬ್ಬಿ ಮೇಲಿನ ಬಣ್ಣನಾ?"

ವ್ಯತ್ಯಾಸ ಇದೆ ಸ್ವಾಮಿ. ಆದ್ರೆ ನೀವು ನೋಡ್ತಿರೋದು ಡಬ್ಬಿಯ ಮುಂಭಾಗ, ನೋಡ್ಬೇಕಾಗಿರೋದು ತಳ. ಅಲ್ಲಿ ಸಣ್ಣಕ್ಷರದಲ್ಲಿ ಒಂದು ತಾರೀಕು ಇರತ್ತಲ್ಲ, ಲಾಗರ್ ವಿಷಯದಲ್ಲಿ ಬ್ರ್ಯಾಂಡಿಗಿಂತ, ರೇಟಿಂಗ್ ಆ್ಯಪಿಗಿಂತ ಅದೇ ಜಾಸ್ತಿ ಹೇಳತ್ತೆ. ನಾನು ಮ್ಯಾಸಚೂಸೆಟ್ಸ್‌ನಲ್ಲಿ ಇರೋದು, ಹಾಗಾಗಿ ಉದಾಹರಣೆ ಎಲ್ಲಾ ಈ ಕಡೇದು, ಆದ್ರೆ ಲೆಕ್ಕ ಎಲ್ಲಾ ಕಡೆ ಒಂದೇ.

ಮೊದ್ಲು ಒಂದು ಗೊಂದಲ ಬಗೆಹರಿಸೋಣ. ಸಮ್ಮರ್ ಅನ್ನೋದು ಬಿಯರಿನ ಜಾತಿ ಅಲ್ಲ, ಬರೀ ಕ್ಯಾಲೆಂಡರ್. ಜಾತಿ ಅಂದ್ರೆ ಮುಖ್ಯವಾಗಿ ಎರಡು, ಏಲ್ ಮತ್ತೆ ಲಾಗರ್: ಏಲ್ ಯೀಸ್ಟ್ ಬೆಚ್ಚಗೆ ಬೇಗ ಹುದುಗಿಸತ್ತೆ, ಲಾಗರ್ ಯೀಸ್ಟ್ ತಣ್ಣಗೆ ನಿಧಾನಕ್ಕೆ. ಸ್ಯಾಮ್ಯುಯೆಲ್ ಆಡಮ್ಸ್ ಸಮ್ಮರ್ ಏಲ್ ಇಲ್ಲಿ ಎಲ್ಲಾ ಅಂಗಡಿಯಲ್ಲೂ ಮುಂದುಗಡೆನೇ ಜೋಡ್ಸಿರ್ತಾರೆ, ಬಾರ್ಬೆಕ್ಯೂಗೆ ಬರೋ ನಮ್ ಜನ ಅದನ್ನೂ ಲಾಗರ್ ಅಂತಾನೇ ಕರೀತಾರೆ, ಹೆಸರಲ್ಲೇ ಏಲ್ ಅಂತ ಇದ್ರೂ. ಅದು ಗೋಧಿ ಹಾಕಿರೋ ಏಲ್. ವಿಸ್ಕಾನ್ಸಿನ್ ಕಡೆಯ ಲೈನೆನ್‌ಕೂಗೆಲ್ ಸಮ್ಮರ್ ಶಾಂಡಿ ಗೋಧಿ ಬಿಯರಿಗೆ ಲೆಮನೇಡ್ ರುಚಿ ಸೇರ್ಸಿದ್ದು. ಕೋಲ್ಷ್ ಅಂತ ಬರ್ದಿದ್ರೆ ಅದು ಜರ್ಮನಿಯ ಕಲೋನ್ ಊರಿನದು, ನೋಡೋಕೆ ಥೇಟ್ ಲಾಗರ್, ತಣ್ಣಗೆ ಇಟ್ಟು ಹದ ಮಾಡೋದೂ ಹಾಗೇ, ಆದ್ರೆ ಯೀಸ್ಟ್ ಮಾತ್ರ ಏಲಿಂದು. ಇನ್ನೊಂದು ಕಡೆ ಸಿಯೆರಾ ನೆವಾಡಾದವ್ರ ಸಮ್ಮರ್‌ಫೆಸ್ಟ್ ನೋಡಿ, ಹೆಸರು ಕೇಳಿದ್ರೆ ಏನೂ ಗೊತ್ತಾಗಲ್ಲ, ಅದು ಮಾತ್ರ ಪಕ್ಕಾ ಲಾಗರ್, ಪಿಲ್ಸ್ನರ್ ಜಾತಿ. ಗೋಧಿ ಇದ್ರೆ ಏಲ್ ಅಂತಾನೂ ಅಂದ್ಕೋಬೇಡಿ. ನಮ್ಮ ಫ್ರೇಮಿಂಗ್‌ಹ್ಯಾಮ್‌ನ ಜ್ಯಾಕ್ಸ್ ಆ್ಯಬಿ ಅಂತ 2011ರಲ್ಲಿ ಮೂರು ಜನ ಅಣ್ಣತಮ್ಮಂದ್ರು ಶುರು ಮಾಡಿದ ಬ್ರೂವರಿ, ಆ ಹೆಸರಲ್ಲಿ ಅವ್ರು ಲಾಗರ್ ಬಿಟ್ಟು ಬೇರೇನೂ ಮಾಡಲ್ಲ, ಅವ್ರದ್ದೇ ಬ್ಲಡ್ ಆರೆಂಜ್ ವೀಟ್ ಅಂತ ಒಂದಿದೆ, ಗೋಧಿನೂ ಇದೆ ಕಿತ್ತಳೆನೂ ಇದೆ, ಆದ್ರೂ ಲಾಗರ್ರೇ.

ಹಾಗಾದ್ರೆ ಲಾಗರ್ ಅಂದ್ರೇನು? ಯೀಸ್ಟ್ ಮತ್ತೆ ತಾಳ್ಮೆ, ಅಷ್ಟೇ. ಲಾಗರ್ ಯೀಸ್ಟ್ ಸುಮಾರು 8ರಿಂದ 13 ಡಿಗ್ರಿ ಚಳಿಯಲ್ಲಿ ನಿಧಾನಕ್ಕೆ ಹುದುಗಿಸತ್ತೆ, ಆಮೇಲೆ ಬಿಯರನ್ನ ಸೊನ್ನೆ ಡಿಗ್ರಿ ಹತ್ರ ವಾರಗಟ್ಟಲೆ ಸುಮ್ನೆ ಇಡ್ತಾರೆ. ಜರ್ಮನ್‌ನಲ್ಲಿ ಲಾಗರ್ ಅಂದ್ರೆ ಉಗ್ರಾಣ. ತಮಾಷೆ ಅಂದ್ರೆ ಬೇಸಿಗೆ ಬಿಯರ್ ಅಂತ ಹೆಸರಾಗಿರೋ ಇದನ್ನ ಒಂದು ಕಾಲಕ್ಕೆ ಬೇಸಿಗೆಯಲ್ಲಿ ಮಾಡೋ ಹಾಗೇ ಇರ್ಲಿಲ್ಲ. ಬವೇರಿಯಾದಲ್ಲಿ 1553ರಲ್ಲಿ ಡ್ಯೂಕ್ ಐದನೇ ಆಲ್ಬ್ರೆಕ್ಟ್ ಒಂದು ಕಾನೂನು ತಂದ: ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಯಾರೂ ಬಿಯರ್ ಮಾಡೋ ಹಾಗಿಲ್ಲ. ಸೆಕೆಯಲ್ಲಿ ಮಾಡಿದ್ದು ಕೆಟ್ಟು ಹುಳಿ ಬರ್ತಿತ್ತು, ಅದಕ್ಕೆ. ಸರಿ, ಬೇಸಿಗೆಗೆ ಕುಡಿಯೋಕೆ ಬೇಕಲ್ಲ, ಮಾರ್ಚ್‌ನಲ್ಲೇ ಸ್ವಲ್ಪ ಗಟ್ಟಿಯಾಗಿ ಮಾಡಿ ನೆಲಮಾಳಿಗೆಯಲ್ಲಿ ಮಂಜುಗಡ್ಡೆ ಜೊತೆ ಇಡೋರು, ಮೇಲೆ ನೆರಳಿಗೆ ಅಂತ ಚೆಸ್ಟ್‌ನಟ್ ಮರ ನೆಡೋರು, ಜನ ಆ ಮರದ ಕೆಳಗೇ ಬೆಂಚ್ ಹಾಕ್ಕೊಂಡು ಕೂತ್ರು. ಮ್ಯೂನಿಕ್‌ನ ಬಿಯರ್ ಗಾರ್ಡನ್‌ಗಳು ಹುಟ್ಟಿದ್ದು ಹಾಗೆ. 1870ರ ದಶಕದಲ್ಲಿ ಲಿಂಡೆ ಅನ್ನೋ ಇಂಜಿನಿಯರ್ ಮ್ಯೂನಿಕ್‌ನ ಸ್ಪಾಟನ್ ಬ್ರೂವರಿಗೆ ತಣ್ಣಗೆ ಮಾಡೋ ಮೆಷಿನ್ ಮಾಡಿಕೊಟ್ಟ ಮೇಲೆ ಋತುವಿನ ಹಂಗು ಹೋಯ್ತು.

ಹಂಗು ಹೋದ್ರೂ ಟೈಮ್ ಹೋಗ್ಲಿಲ್ಲ. ಏಲ್ ಎರಡು ಮೂರು ವಾರಕ್ಕೆ ರೆಡಿ, ಲಾಗರ್ ಆರೆಂಟು ವಾರ ಟ್ಯಾಂಕ್ ಹಿಡ್ಕೊಂಡು ಕೂತಿರತ್ತೆ, ಬಾಡಿಗೆ ಕೊಡದೆ ಇರೋ ನೆಂಟರ ಥರ. ಸಣ್ಣ ಬ್ರೂವರಿಗೆ ಅಷ್ಟು ದಿನ ಟ್ಯಾಂಕ್ ಬಿಟ್ಕೊಡೋದು ಕಷ್ಟ, ಅದಕ್ಕೇ ಸಮ್ಮರ್ ಹೆಸರಲ್ಲಿ ಬರೋದ್ರಲ್ಲಿ ಅಷ್ಟೊಂದು ಏಲ್ ಇರೋದು. ಜೂನ್‌ನಲ್ಲಿ ಒಳ್ಳೇ ಲಾಗರ್ ಕೊಡ್ಬೇಕು ಅಂದ್ರೆ ಅವ್ರು ಇವತ್ತಿಗೂ ಮಾರ್ಚ್ ಏಪ್ರಿಲ್‌ನಲ್ಲೇ ಕೈ ಹಾಕ್ಬೇಕು.

ಈಗ ಹುಡ್ಕೋದು. ಇಲ್ಲಿ ಅಂಗಡಿಯವ್ರ ಕ್ಯಾಲೆಂಡರ್ ನಮ್ ಕ್ಯಾಲೆಂಡರಿಗಿಂತ ಎರಡು ತಿಂಗ್ಳು ಮುಂದೆ ಓಡತ್ತೆ. ಹೊರಗಡೆ ಹಿಮ ಕರಗಿರಲ್ಲ, ಮಾರ್ಚ್‌ನಲ್ಲೇ ಸಮ್ಮರ್ ಪ್ಯಾಕ್ ಬಂದಿರತ್ತೆ. ಜುಲೈ ಕೊನೆಗೆ ಶರತ್ಕಾಲದ ಆಕ್ಟೋಬರ್‌ಫೆಸ್ಟು, ಕುಂಬಳಕಾಯಿ ಬಿಯರು ಶುರು. ಅಂದ್ರೆ ಆಗಸ್ಟ್‌ನ ಧಗೆಯಲ್ಲಿ ನಿಮಗೆ ನಿಜ್ವಾಗಿ ಬೇಕಾದಾಗ ರಿಯಾಯ್ತಿ ಬೋರ್ಡ್ ಹಾಕಿ ಮಾರ್ತಿರೋ ಸಮ್ಮರ್ ಬಿಯರ್ ಐದು ತಿಂಗ್ಳು ಹಳೇದಿರೋ ಸಾಧ್ಯತೆ ಜಾಸ್ತಿ. ನಾನೂ ಬಿದ್ದಿದ್ದೀನಿ ಈ ಹಳ್ಳಕ್ಕೆ. ಒಂದು ಅಂಗಡಿಯಲ್ಲಿ ಕಿಟಕಿ ಪಕ್ಕ ಪಿರಮಿಡ್ ಥರ ಜೋಡ್ಸಿದ್ದ ಪಿಲ್ಸ್ನರ್, ಹನ್ನೆರಡರ ಪ್ಯಾಕ್, ಅರ್ಧ ರೇಟು, ಖುಷಿಯಾಗಿ ಹೊತ್ಕೊಂಡು ಬಂದೆ. ಮನೇಲಿ ಒಂದು ಓಪನ್ ಮಾಡಿ ಗುಟುಕು ಹಾಕಿದ್ರೆ, ಮಳೆಯಲ್ಲಿ ನೆನೆದ ರಟ್ಟಿನ ಡಬ್ಬ ಅಗಿದ ಹಾಗೆ. ಆಮೇಲೆ ತಿರುಗ್ಸಿ ತಳ ನೋಡ್ತೀನಿ, ಪ್ಯಾಕ್ ಆಗಿದ್ದು ಫೆಬ್ರವರಿಯಲ್ಲಿ. ಉಳಿದ ಹನ್ನೊಂದು ಕ್ಯಾನ್ ಏನಾಯ್ತು ಅಂತ ಕೇಳ್ಬೇಡಿ, ತೋಟದ ಬಸವನಹುಳುಗಳಿಗೆ ತಟ್ಟೆಯಲ್ಲಿ ಇಟ್ಟೆ, ಅವಕ್ಕೇನೂ ತಕರಾರು ಇರ್ಲಿಲ್ಲ.

ಯಾಕೆ ಹೀಗಾಗತ್ತೆ ಅಂದ್ರೆ ಲಾಗರ್ ತಿಳಿಸಾರು ಇದ್ದ ಹಾಗೆ. ಬಿಸಿಬೇಳೆಬಾತಲ್ಲಿ ಒಂದು ಐಟಂ ಹೆಚ್ಚುಕಮ್ಮಿ ಆದ್ರೂ ಮಸಾಲೆ ಮುಚ್ಚಿಹಾಕತ್ತೆ, ಐಪಿಎ ಅನ್ನೋ ಕಹಿ, ಘಮ ಜೋರಾಗಿರೋ ಏಲ್ ಆ ಥರ. ತಿಳಿಸಾರಲ್ಲಿ ಇಂಗು ಒಂದು ಚಿಟಿಕೆ ಜಾಸ್ತಿ ಬಿದ್ರೂ ಅತ್ತೆಗೆ ಗೊತ್ತಾಗತ್ತೆ. ಬ್ರೂವರಿಯವ್ರ ಒಂದು ಬಾಯಿಲೆಕ್ಕ ಇದೆ, 3-30-300 ಅಂತ: ಬಿಯರ್ 32 ಡಿಗ್ರಿ ಸೆಕೆಯಲ್ಲಿ 3 ದಿನದಲ್ಲಿ ಎಷ್ಟು ಹಳತಾಗತ್ತೋ, ರೂಮಿನ 22 ಡಿಗ್ರಿಯಲ್ಲಿ ಅಷ್ಟಾಗೋಕೆ 30 ದಿನ, ಫ್ರಿಜ್ಜಲ್ಲಿ 300 ದಿನ. ಪಕ್ಕಾ ವಿಜ್ಞಾನ ಅಲ್ಲ, ಅಂದಾಜು, ಆದ್ರೆ ಕಾರ್ ಡಿಕ್ಕಿಯಲ್ಲಿ ವೀಕೆಂಡ್ ಪೂರ್ತಿ ಬಿಯರ್ ಇಡೋರು ಇದನ್ನ ಒಂದ್ಸಲ ನೆನೆಸ್ಕೊಳ್ಳಿ.

ಆದ್ರಿಂದ ಅಂಗಡಿಯಲ್ಲಿ ನಾಚ್ಕೋಬೇಡಿ, ಕ್ಯಾನ್ ಎತ್ತಿ ತಲೆಕೆಳಗೆ ಮಾಡಿ ನೋಡಿ. ಪ್ಯಾಕ್ ಮಾಡಿದ ದಿನ ಅಂತ ನೇರವಾಗಿ ಹಾಕಿದ್ರೆ ಬಹಳ ಒಳ್ಳೇದು, ಎರಡು ತಿಂಗ್ಳ ಒಳಗಿಂದಾದ್ರೆ ಕಣ್ಮುಚ್ಚಿ ತಗೊಳ್ಳಿ, ಮೂರು ದಾಟಿದ್ರೆ ಫ್ರಿಜ್ಜಲ್ಲೇ ಇಟ್ಟಿದ್ರಾ ಅಂತ ಕೇಳಿ, ಇದು ನನ್ನ ಅಳತೆ. ಇಂತಾ ದಿನದೊಳಗೆ ಕುಡೀರಿ ಅಂತ ಮಾತ್ರ ಹಾಕಿದ್ರೆ ಹಿಂದಕ್ಕೆ ಲೆಕ್ಕ ಹಾಕೋದು ಕಷ್ಟ, ಒಬ್ಬೊಬ್ರು ಒಂದೊಂದು ಅವಧಿ ಇಡ್ತಾರೆ. ಕೆಲವ್ರು ಇನ್ನೂ ಗುಟ್ಟಾಗಿ 135 ಥರ ಮೂರು ಅಂಕಿ ಹಾಕ್ತಾರೆ, ಅದು ವರ್ಷದ 135ನೇ ದಿನ, ಅಂದ್ರೆ ಮೇ 15. ಕಾಫಿಪುಡಿ ಅಂಗಡಿಯಲ್ಲಿ ಯಾವತ್ತು ಹುರಿದಿದ್ದು ಅಂತ ಕೇಳಿ ತರೋ ಜನ ನಾವು, ಇಲ್ಲಿ ಕೇಳೋಕೇನು ಸಂಕೋಚ.

ಬಾಟಲಿ ಆದ್ರೆ ಕಂದು ಬಣ್ಣದ್ದು ತಗೊಳ್ಳಿ. ಹಸಿರು, ಬಿಳಿ ಗಾಜಿನ ಮೂಲಕ ಬೆಳಕು ಒಳಗೆ ಹೋಗಿ ಹಾಪ್ಸ್ (ಬಿಯರಿಗೆ ಕಹಿ ಕೊಡೋ ಹೂವು) ಜೊತೆ ಸೇರಿ ಸ್ಕಂಕ್ ಅನ್ನೋ ಗಬ್ಬುನಾತದ ಪ್ರಾಣಿಯ ವಾಸನೆ ಹುಟ್ಟಿಸತ್ತೆ, ರಾತ್ರಿ ಹೈವೇಲಿ ಕಾರ್ ಕಿಟಕಿ ಇಳ್ಸಿದಾಗ ಬರತ್ತಲ್ಲ, ಅದೇ. ಕ್ಯಾನ್‌ಗೆ ಈ ಕಾಟನೇ ಇಲ್ಲ. ಇನ್ನು ಬ್ರೂವರಿಗೇ ಹೋಗೋಕಾದ್ರೆ ಅದಕ್ಕಿಂತ ತಾಜಾ ಸಿಗಲ್ಲ. ನಮ್ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ನಾಚ್ ಅಂತ ಬ್ರೂವರಿ ಇದೆ, ಚೆಕ್ ಥರದ ಪಕ್ಕಕ್ಕೆ ತಿರುಗಿಸೋ ನಲ್ಲಿಯಿಂದ ನೊರೆ ದಪ್ಪಗೆ ಕಟ್ಟಿ ಕೊಡ್ತಾರೆ, ಲೈಟಾಗಿರೋ ಬಿಯರ್, ಎರಡು ಕುಡ್ದ್ರೂ ಮಧ್ಯಾಹ್ನ ಹಾಳಾಗಲ್ಲ.

ಬೆಂಗ್ಳೂರಿಂದ ಓದ್ತಿರೋರಿಗೆ: ನಿಮ್ ಅಂಗಡಿಯಲ್ಲಿ ಸಿಗೋ 650 ಎಂಎಲ್ ಬಾಟಲಿಗಳು ಬಹುಪಾಲು ಲಾಗರ್‌ಗಳೇ, ಸೀಸನ್ ಗೀಸನ್ ಏನೂ ಇಲ್ಲ, ಆದ್ರೆ ಲೇಬಲ್ ಮೇಲಿನ ತಯಾರಿಸಿದ ತಾರೀಕಿನ ವಿಷ್ಯ ಅಲ್ಲಿಗೂ ಅಷ್ಟೇ ನಿಜ, ಏಪ್ರಿಲ್ ಬಿಸಿಲಲ್ಲಿ ಲಾರಿ ಮೇಲೆ ಬಂದಿರೋ ಬಾಟಲಿಗೆ ಇನ್ನೂ ನಿಜ. ಮೈಕ್ರೋಬ್ರೂವರಿಗೆ ಹೋದ್ರೆ ಈ ವಾರ ಲಾಗರ್ ಯಾವ್ದಿದೆ ಅಂತ ನೇರವಾಗಿ ಕೇಳಿ, ಮಾವಿನಹಣ್ಣಿನ ಬಿಯರ್ ಕಡೆ ಕೈ ತೋರ್ಸಿದ್ರೆ ಯೀಸ್ಟ್ ಯಾವ್ದು ಅಂತ ಮರುಪ್ರಶ್ನೆ ಹಾಕಿ.

ತಂದಾಯ್ತು, ಈಗ ಹೋಲಿಸೋದು. ನಿಮಗೆ ಎಲ್ಲಾ ಒಂದೇ ಅನ್ನಿಸಿದ್ದಕ್ಕೆ ದೊಡ್ಡ ಕಾರಣ ಬಹುಶಃ ನೀವು ಐಸ್‌ನಂತೆ ತಣ್ಣಗೆ, ಕ್ಯಾನ್‌ನಿಂದಲೇ, ಒಂದೊಂದು ವಾರ ಒಂದೊಂದು ಕುಡ್ದಿದ್ದು. ಅಷ್ಟು ತಣ್ಣಗಿದ್ರೆ ನಾಲ್ಗೆ ಮರಗಟ್ಟತ್ತೆ, ಮೂಗಿಗೆ ಏನೂ ಸಿಗಲ್ಲ. ಫ್ರಿಜ್ಜಿಂದ ತೆಗೆದು ಹತ್ತು ನಿಮಿಷ ಬಿಡಿ, 6-7 ಡಿಗ್ರಿಗೆ ಬರ್ಲಿ, ಗ್ಲಾಸಿಗೆ ಸುರೀರಿ. ಗ್ಲಾಸ್ ಜಿಡ್ಡಿಲ್ಲದೆ ತೊಳ್ದಿರ್ಬೇಕು, ಮಜ್ಜಿಗೆ ಕುಡಿದ ಲೋಟ ಆದ್ರೆ ನೊರೆ ನಿಲ್ಲೋದೇ ಇಲ್ಲ. ಮುಖ್ಯವಾಗಿ ಒಂದೇ ಜಾತಿಯವನ್ನ ಪಕ್ಕಪಕ್ಕ ಇಡಿ. ಹೆಲ್ಲೆಸ್ ಅಂದ್ರೆ ಮೃದು, ಆಗ ತಾನೇ ಬೇಯಿಸಿದ ಬನ್ನಿನ ವಾಸನೆ, ಕಹಿ ಕಮ್ಮಿ, ಸ್ಪಾಟನ್‌ನವ್ರು 1894ರಲ್ಲಿ ತಂದಿದ್ದು. ಜರ್ಮನ್ ಪಿಲ್ಸ್, ಅಂದ್ರೆ ಅವ್ರ ಪಿಲ್ಸ್ನರ್, ಒಣಒಣ, ಕೊನೇಲಿ ಕಹಿ ಚುರುಕ್ ಅನ್ನತ್ತೆ. ಚೆಕ್‌ದು 1842ರಲ್ಲಿ ಪಿಲ್ಸೆನ್ ಊರಲ್ಲಿ ಯೋಸೆಫ್ ಗ್ರೋಲ್ ಮಾಡಿದ ವಂಶ, ಕಹಿನೂ ಇದೆ, ಬಾಯ್ತುಂಬೋ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರುಚಿನೂ ಇದೆ. ಮೆಕ್ಸಿಕನ್ ಸ್ಟೈಲ್ ಅಂತ ಬರೋದು ಹಗುರ, ಕೆಲವಕ್ಕೆ ನಿಂಬೆ ಉಪ್ಪು ಮೊದ್ಲೇ ಹಾಕಿರ್ತಾರೆ. ಹೆಲ್ಲೆಸ್ ಪಕ್ಕ ನಿಂಬೆ ಲಾಗರ್ ಇಟ್ಟು ಯಾವ್ದು ಚೆನ್ನಾಗಿದೆ ಅಂತ ಕೇಳೋದು ಇಡ್ಲಿಗೂ ಪಾನಿಪುರಿಗೂ ಮಾರ್ಕ್ಸ್ ಕೊಟ್ಟ ಹಾಗೆ.

ಮೂಗಿಗೆ ಥಿಯೇಟರ್ ಪಾಪ್‌ಕಾರ್ನಿನ ಬೆಣ್ಣೆ ಬಂತಾ, ಟ್ಯಾಂಕಲ್ಲಿ ಅವಸರ ಮಾಡಿದ್ದಾರೆ, ಚೆಕ್ ಲಾಗರಲ್ಲಿ ಒಂಚೂರು ಇದ್ರೆ ಮಾಫಿ. ಬೇಯಿಸಿದ ಮುಸುಕಿನ ಜೋಳದ ವಾಸನೆ ಜೋರಾಗಿದ್ರೆ ಕುದಿಸೋದ್ರಲ್ಲೋ ಆಮೇಲೋ ಏನೋ ಎಡವಿದ್ದಾರೆ. ಹಸಿ ಸೇಬು ಅನ್ನಿಸಿದ್ರೆ ಇನ್ನೂ ಎಳೆಯದು, ಬೇಗ ಪ್ಯಾಕ್ ಮಾಡಿಬಿಟ್ಟಿದ್ದಾರೆ. ರಟ್ಟು ಅಂದ್ರೆ ಮೇಲೆ ಹೇಳಿದ ಹಾಗೆ ಹಳೇದು.

ನಂಜ್ಕೊಳ್ಳೋಕೆ ಕಾಂಗ್ರೆಸ್ ಕಡ್ಲೆಕಾಯಿ ಇಡ್ಬೇಡಿ, ನಂಗೂ ಬೇಜಾರೇ, ಆದ್ರೆ ಆ ಮೆಣಸು ಇಂಗಿನ ಮುಂದೆ ಯಾವ ಲಾಗರೂ ಬಾಯಿ ಬಿಡಲ್ಲ. ಬರೀ ಪುರಿ ಸಾಕು, ಮಧ್ಯೆ ನೀರು. ಕಡ್ಲೆಕಾಯಿ ಡಬ್ಬ ಕೊನೆಗೆ ತೆಗೀರಿ.

ಆಮೇಲೆ ನಿಜವಾದ ಪರೀಕ್ಷೆ. ಮೂರು ಗ್ಲಾಸ್, ಎರಡರಲ್ಲಿ ಒಂದೇ ಬಿಯರು, ಒಂದರಲ್ಲಿ ಬೇರೆ, ಸುರಿಯೋರು ಬೇರೆಯವ್ರಾಗಿರ್ಬೇಕು, ತಳಕ್ಕೆ ಟೇಪ್ ಹಚ್ಚಿ ನಂಬರ್ ಬರೀಬೇಕು. ಬೇರೆ ಯಾವ್ದು ಅಂತ ಕಂಡುಹಿಡೀರಿ. ಸುಮ್ನೆ ಊಹೆ ಮಾಡಿದ್ರೂ ಮೂರಕ್ಕೊಂದು ಸರಿ ಬರತ್ತೆ, ಅದಕ್ಕೆ ನಾಲ್ಕೈದು ಸಲ ಮಾಡ್ಬೇಕು. ಕಂಡುಹಿಡಿಯೋಕೆ ಆಗ್ಲಿಲ್ವಾ, ದುಬಾರಿಯದಕ್ಕೆ ದುಡ್ಡು ಸುರೀಬೇಡಿ, ಅಷ್ಟೇ. ಹೋದ ಜೂನ್‌ನಲ್ಲಿ ನಮ್ಮನೇಲಿ ಇದನ್ನ ಮಾಡಿದ್ವಿ, ಹಾಸನದ ಕಡೆಯ ಗೆಳೆಯನೊಬ್ಬ ಬಂದಿದ್ದ, ಕ್ರಾಫ್ಟ್, ಅಂದ್ರೆ ಸಣ್ಣ ಬ್ರೂವರಿಯವ್ರ ಬಿಯರ್, ಬಿಟ್ರೆ ಬೇರೆ ಮುಟ್ಟಲ್ಲ ಅನ್ನೋ ಮನುಷ್ಯ. ಸುರಿದಿದ್ದು ನನ್ ಹೆಂಡ್ತಿ, ಅವಳು ಕುಡಿಯಲ್ಲ ಹಾಗಾಗಿ ಪಕ್ಷಪಾತ ಇಲ್ಲ. ಹದಿನೈದು ದಿನದ ಹಿಂದೆ ಪ್ಯಾಕ್ ಆದ ಮಾಮೂಲಿ ಅಗ್ಗದ ಲಾಗರ್ ಒಂದು ಕಡೆ, ಅವ್ನೇ ತಂದಿದ್ದ ನಾಲ್ಕೂವರೆ ತಿಂಗ್ಳ ಹಳೇ ದುಬಾರಿ ಪಿಲ್ಸ್ ಇನ್ನೊಂದು ಕಡೆ. ಬೇರೆ ಯಾವ್ದು ಅಂತ ಐದಕ್ಕೆ ಐದೂ ಸರಿ ಹೇಳ್ದ, ನಾಲ್ಗೆ ಪರವಾಗಿಲ್ಲ. ಯಾವ್ದು ಚೆನ್ನಾಗಿದೆ ಅಂದ್ರೆ ಐದೂ ಸಲ ಅಗ್ಗದ್ದನ್ನೇ ತೋರಿಸ್ದ. ಟೇಪ್ ತಿರುಗ್ಸಿ ನೋಡಿದವ್ನು ಒಂದು ನಿಮಿಷ ಮಾತಾಡ್ಲಿಲ್ಲ, ಆಮೇಲೆ ತನ್ನ ಕ್ಯಾನ್ ಎತ್ತಿ ಮೆಲ್ಲಗೆ ತಳ ನೋಡ್ದ.