‘ದಾರಿಯಲ್ಲೇ ಸಿಗುತ್ತಲ್ಲ’ ಎನ್ನುವ ಮುನ್ನ

ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ರಾತ್ರಿ ಮನೆಗೆ ಮರಳುವ ಪ್ರವಾಸಗಳನ್ನು ಗೊತ್ತುಮಾಡಿಕೊಡುವ ಕೆಲಸದಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಇದ್ದೇನೆ. ವಾಹನ ಯಾವುದು, ಹೊರಡುವುದು ಎಷ್ಟು ಹೊತ್ತಿಗೆ, ಮೊದಲು ಯಾವ ಊರು, ಊಟ ಎಲ್ಲಿ ಎಂಬುದನ್ನೆಲ್ಲ ಮನೆಯವರೊಂದಿಗೆ ಕುಳಿತು ಒಂದು ಹಾಳೆಯ ಮೇಲೆ ಬರೆದು, ಎಲ್ಲರೂ ಒಪ್ಪಿ, ಮುಂಗಡ ಕೊಟ್ಟು ಎದ್ದ ಮೇಲೆ, ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಳ್ಳುತ್ತಿರುವಾಗ ಯಾರಾದರೊಬ್ಬರು ಹಿಂತಿರುಗಿ ಒಂದು ಮಾತು ಹೇಳುತ್ತಾರೆ: “ಸಾರ್, ಚನ್ನಪಟ್ಟಣ ಹೇಗೂ ದಾರಿಯಲ್ಲೇ ಸಿಗುತ್ತಲ್ಲ, ಒಂದು ಹತ್ತು ನಿಮಿಷ ನಿಲ್ಲಿಸಿಬಿಡೋಣ.” ಊರಿನ ಹೆಸರು ಬದಲಾಗಬಹುದು, ಮಾತು ಮಾತ್ರ ಇದೇ. ಒಂದು ದಿನದ ಪ್ರವಾಸಗಳು ಕೆಟ್ಟಿರುವುದನ್ನು ನಾನು ನೋಡಿರುವ ಮಟ್ಟಿಗೆ, ಮಳೆಯಿಂದ ಕೆಟ್ಟದ್ದಕ್ಕಿಂತ, ವಾಹನ ಕೈಕೊಟ್ಟು ಕೆಟ್ಟದ್ದಕ್ಕಿಂತ, ಈ ಮಾತಿನಿಂದ ಕೆಟ್ಟದ್ದೇ ಹೆಚ್ಚು.

ಮೊದಲನೆಯದಾಗಿ, ಆ ಊರುಗಳು ಈಗ ದಾರಿಯಲ್ಲಿ ಇಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಇಷ್ಟೂ ಊರುಗಳನ್ನು ಹೊರಗಿನಿಂದಲೇ ಬಳಸಿಕೊಂಡು ಹೋಗುತ್ತದೆ. ಸುಮಾರು 118 ಕಿಲೋಮೀಟರಿನ ಆ ರಸ್ತೆಯ ನಡುವಿನ ಆರು ಪಥಗಳಲ್ಲಿ ಸಾಗುವವರಿಗೆ ಚನ್ನಪಟ್ಟಣದ ಬೊಂಬೆ ಅಂಗಡಿಗಳೂ ಕಾಣುವುದಿಲ್ಲ, ಮದ್ದೂರು ವಡೆಯ ವಾಸನೆಯೂ ಬರುವುದಿಲ್ಲ. ಬೊಂಬೆ ಬೇಕಾದರೆ ಮೊದಲೇ ಹೆದ್ದಾರಿಯಿಂದ ಇಳಿದು, ಹಳೆಯ ರಸ್ತೆ ಹಿಡಿದು, ಪೇಟೆಯ ಆಟೋ ಮತ್ತು ಬಸ್ಸುಗಳ ನಡುವೆ ನಿಧಾನವಾಗಿ ಸಾಗಿ, ಮತ್ತೆ ಮುಂದಿನ ಪ್ರವೇಶದ ಜಾಗದವರೆಗೆ ಹೋಗಿ ಮೇಲೇರಬೇಕು. ಹಳೆಯ ರಸ್ತೆಯ ಕಾಲದಲ್ಲಿ ಬಸ್ಸಿನ ಕಿಟಕಿಯಿಂದ ಬೊಂಬೆಗಳ ಸಾಲು ನೋಡಿದ ನಮ್ಮ ನೆನಪು ಇನ್ನೂ ಹಾಗೆಯೇ ಇದೆ, ಆದರೆ ರಸ್ತೆ ಬೇರೆಯಾಗಿದೆ. ನಿಲ್ಲುವ ಹೊತ್ತು ಬೇರೆ, ಇಳಿದು ಹತ್ತುವುದಕ್ಕೇ ಹದಿನೈದು ನಿಮಿಷ ಬೇರೆ ಎಂದು ಲೆಕ್ಕ ಹಾಕಿಕೊಳ್ಳಿ.

ಎರಡನೆಯದು ಆ ‘ಹತ್ತು ನಿಮಿಷ’. ಇದನ್ನು ನಾನು ಎಷ್ಟು ಬಾರಿ ವಿವರಿಸಿದರೂ ಸಾಲದಾಗಿದೆಯಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹನ್ನೆರಡು ಜನ ಕುಳಿತಿರುವ ಟೆಂಪೋ ಟ್ರಾವೆಲರ್ ಒಂದು ಅಂಗಡಿಯ ಮುಂದೆ ನಿಂತಿತು ಎಂದುಕೊಳ್ಳಿ. ಹಿಂದಿನ ಸೀಟಿನಲ್ಲಿರುವ ಅಜ್ಜಿ ಕಂಬಿ ಹಿಡಿದು ಮೆಲ್ಲಗೆ ಇಳಿಯಬೇಕು, ನಿದ್ದೆ ಹೋಗಿದ್ದ ಮಗುವನ್ನು ಎಬ್ಬಿಸಬೇಕು ಅಥವಾ ಮಗುವಿನ ಜೊತೆಗೆ ಒಬ್ಬರು ಒಳಗೇ ಕೂರಬೇಕು, ಆಮೇಲೆ ಅವರಿಗೂ ಅಂಗಡಿ ನೋಡುವ ಸರದಿ ಬರಬೇಕು. ಇಳಿದವರಲ್ಲಿ ನಾಲ್ವರಿಗೆ ಶೌಚಾಲಯ ಬೇಕಾಗುತ್ತದೆ, ಅಲ್ಲಿ ಇರುವುದು ಒಂದೇ. ಇನ್ನಿಬ್ಬರು ಎದುರಿನ ಹೋಟೆಲಿಗೆ ಕಾಫಿಗೆ ಹೋಗುತ್ತಾರೆ, ಅವರನ್ನು ಹುಡುಕಿ ಕರೆತರಲು ಹೋದವರೂ ಅಲ್ಲೇ ಕಾಫಿ ಕುಡಿಯುತ್ತಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ, ಮನೆಮಂದಿಯೆಲ್ಲ ಒಟ್ಟಿಗೆ ಹೊರಟಾಗ ಹೀಗೆಯೇ ಆಗುತ್ತದೆ, ಆಗಲೂ ಬೇಕು. ಗಡಿಯಾರ ಹಿಡಿದು ನೋಡಿಕೊಂಡು ಬಂದಿರುವ ನಾನು ಹೇಳುವುದಿಷ್ಟೇ: ಹತ್ತಕ್ಕಿಂತ ಹೆಚ್ಚು ಜನರಿರುವ ವಾಹನಕ್ಕೆ ಮೂವತ್ತೈದು ನಿಮಿಷಕ್ಕಿಂತ ಕಡಿಮೆಯ ನಿಲುಗಡೆ ಎಂಬುದೇ ಇಲ್ಲ, ಕೊಳ್ಳುವ ಅಂಗಡಿಯಾದರೆ ಒಂದು ಗಂಟೆ.

ಹೋಗಲಿ, ಒಂದು ಗಂಟೆ ತಡವಾದರೆ ಏನು ಮಹಾ ನಷ್ಟ ಎಂದು ಕೇಳುವವರಿದ್ದಾರೆ. ನನ್ನ ಮುಖ್ಯ ಮಾತು ಇರುವುದು ಇಲ್ಲಿ. ನಮ್ಮ ಸುತ್ತಮುತ್ತಲಿನ ಪ್ರವಾಸದ ಊರುಗಳಲ್ಲಿ ಒಂದು ಗಂಟೆಯ ತಡ ಒಂದು ಗಂಟೆಯ ತಡವಾಗಿಯೇ ಉಳಿಯುವುದಿಲ್ಲ, ಏಕೆಂದರೆ ಆ ಊರುಗಳಿಗೆ ಬಾಗಿಲುಗಳಿವೆ. ಪೂಜೆ ನಡೆಯುವ ದೇವಾಲಯಗಳಲ್ಲಿ ಮಧ್ಯಾಹ್ನದ ನೈವೇದ್ಯ, ಮಂಗಳಾರತಿ ಮುಗಿದ ಮೇಲೆ ದೇವರಿಗೂ ಅರ್ಚಕರಿಗೂ ವಿಶ್ರಾಂತಿ. ಮೇಲುಕೋಟೆಯ ಚೆಲುವನಾರಾಯಣನ ಸನ್ನಿಧಿಯಾಗಲಿ, ಶ್ರೀರಂಗಪಟ್ಟಣದ ರಂಗನಾಥಸ್ವಾಮಿಯ ಗುಡಿಯಾಗಲಿ, ಸಾಮಾನ್ಯವಾಗಿ ಮಧ್ಯಾಹ್ನ ಒಂದರ ಸುಮಾರಿಗೆ ಮುಚ್ಚಿದರೆ ತೆರೆಯುವುದು ನಾಲ್ಕರ ಸುಮಾರಿಗೆ. ಹನ್ನೆರಡೂವರೆಗೆ ತಲುಪಿದವನಿಗೂ ಒಂದು ಗಂಟೆ ಹತ್ತು ನಿಮಿಷಕ್ಕೆ ತಲುಪಿದವನಿಗೂ ರಸ್ತೆಯ ಲೆಕ್ಕದಲ್ಲಿ ನಲವತ್ತು ನಿಮಿಷದ ಅಂತರವಿದ್ದರೆ, ದರ್ಶನದ ಲೆಕ್ಕದಲ್ಲಿ ಮೂರೂವರೆ ಗಂಟೆಯ ಅಂತರವಿದೆ. ಒಂದು ದಿನದ ಪ್ರವಾಸದಲ್ಲಿ ಮೂರೂವರೆ ಗಂಟೆ ಎಂದರೆ ಹಾಳೆಯ ಮೇಲೆ ಬರೆದುಕೊಂಡದ್ದರಲ್ಲಿ ಅರ್ಧ ಹೋದಂತೆ.

ಕಳೆದ ಮಾಘ ಮಾಸದ ಒಂದು ಭಾನುವಾರ ಬೆಂಗಳೂರಿನ ವಿಜಯನಗರದ ಒಂದು ಕುಟುಂಬದ ಜೊತೆ ನಾನೇ ಹೋಗಿದ್ದೆ. ಮನೆಯ ಯಜಮಾನರು ನಿವೃತ್ತ ಮೇಷ್ಟರು, ಅವರ ತಾಯಿಗೆ ಎಂಬತ್ತು ದಾಟಿತ್ತು, ಆಕೆಯ ಆಸೆ ಚೆಲುವನಾರಾಯಣನ ದರ್ಶನ ಒಂದೇ. ಮೊಮ್ಮಕ್ಕಳಿಗೆ ಮೈಸೂರಿನ ಅರಮನೆ ಬೇಕಾಗಿತ್ತು. ಬೆಳಿಗ್ಗೆ ಆರೂವರೆಗೆ ಹೊರಟು, ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಮಂಡ್ಯದ ಬಳಿ ಹೆದ್ದಾರಿ ಬಿಟ್ಟು ಹತ್ತೂಕಾಲಕ್ಕೆ ಮೇಲುಕೋಟೆ, ಅಲ್ಲಿಯೇ ಪುಳಿಯೋಗರೆಯ ಊಟ, ಮಧ್ಯಾಹ್ನ ಅರಮನೆ ಎಂದು ಬರೆದುಕೊಟ್ಟಿದ್ದೆ. ಹೊರಟದ್ದು ಏಳು ಗಂಟೆ ಹತ್ತು ನಿಮಿಷಕ್ಕೆ. ಚನ್ನಪಟ್ಟಣದಲ್ಲಿ ಬೊಂಬೆಗಾಗಿ ಒಂದು ಗಂಟೆ ಹೋಯಿತು, ಮದ್ದೂರಿನಲ್ಲಿ ವಡೆಗಾಗಿ ನಲವತ್ತು ನಿಮಿಷ, ಹೆದ್ದಾರಿಯಿಂದ ಎರಡು ಸಲ ಇಳಿದು ಹತ್ತಿದ್ದಕ್ಕೆ ಅರ್ಧ ಗಂಟೆ. ಮೇಲುಕೋಟೆ ತಲುಪಿದಾಗ ಒಂದು ಗಂಟೆ ಐದು ನಿಮಿಷ, ಅಜ್ಜಿಯ ಕೈಹಿಡಿದು ನಡೆಸಿಕೊಂಡು ಹೋಗುವಷ್ಟರಲ್ಲಿ ಬಾಗಿಲು ಹಾಕಿತ್ತು. ಮೇಷ್ಟರು ನನ್ನ ಕಡೆ ನೋಡಿ, “ನಾಲ್ಕು ಗಂಟೆವರೆಗೂ ಬೇರೆ ದಾರಿಯೇ ಇಲ್ಲವೇ?” ಎಂದು ಕೇಳಿದರು. ಇರಲಿಲ್ಲ. ಕಲ್ಯಾಣಿಯ ಮಂಟಪದ ನೆರಳಿನಲ್ಲಿ ಜಮಖಾನ ಹಾಸಿ ಅಜ್ಜಿಯನ್ನು ಕೂರಿಸಿದೆವು. ಆಕೆ ಬೇಸರ ಮಾಡಿಕೊಳ್ಳಲಿಲ್ಲ, ತಾನು ಮದುವೆಯಾದ ಹೊಸತರಲ್ಲಿ ವೈರಮುಡಿ ಉತ್ಸವಕ್ಕೆ ಎತ್ತಿನ ಗಾಡಿಯಲ್ಲಿ ಬಂದದ್ದನ್ನು ಮೊಮ್ಮಕ್ಕಳಿಗೆ ಹೇಳುತ್ತ ಕುಳಿತರು. ನಾಲ್ಕರ ನಂತರ ದರ್ಶನವೂ ಆಯಿತು. ಆದರೆ ಅರಮನೆಯ ಒಳಗೆ ಬಿಡುವ ಹೊತ್ತು ಮುಗಿದುಹೋಗಿದ್ದರಿಂದ ಮೈಸೂರಿನ ಕಡೆ ಹೋಗಲೇ ಇಲ್ಲ. ಆ ದಿನ ಹನ್ನೊಂದು ವರ್ಷದ ಹುಡುಗಿಯೊಬ್ಬಳು ವಾಹನದಲ್ಲಿ ಬೊಂಬೆ ಹಿಡಿದುಕೊಂಡು ಸದ್ದಿಲ್ಲದೆ ಅತ್ತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆದ್ದರಿಂದ ನಾನು ಊರುಗಳನ್ನು ದೂರದ ಕ್ರಮದಲ್ಲಿ ಜೋಡಿಸುವುದಿಲ್ಲ, ಬಾಗಿಲಿನ ಕ್ರಮದಲ್ಲಿ ಜೋಡಿಸುತ್ತೇನೆ. ಬಾಗಿಲು ಹಾಕುವ ಜಾಗ ಬೆಳಿಗ್ಗೆಗೆ, ಬಾಗಿಲು ಹಾಕದ ಜಾಗ ಮಧ್ಯಾಹ್ನಕ್ಕೆ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ, ಪೂಜೆಯಿಲ್ಲದ ಸ್ಮಾರಕಗಳು ಮಧ್ಯಾಹ್ನವೂ ತೆರೆದಿರುತ್ತವೆ. ಸೋಮನಾಥಪುರದ ಕೇಶವ ದೇವಾಲಯ ಅಂಥದು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ ಈ ತ್ರಿಕೂಟಾಚಲ, ಎಂದರೆ ಮೂರು ಗರ್ಭಗುಡಿಗಳ ದೇವಾಲಯ, 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಅರ್ಚನೆ ನಡೆಯುವುದಿಲ್ಲ, ಹಾಗಾಗಿ ಎರಡು ಗಂಟೆಗೆ ಹೋದರೂ ನಷ್ಟವಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ದರಿಯಾ ದೌಲತ್ ಕೂಡ ಹಾಗೆಯೇ, ಪೊಳ್ಳಿಲೂರು ಕದನದ ಭಿತ್ತಿಚಿತ್ರಗಳನ್ನು ತೇಗದ ಮರದ ಆ ತಂಪು ಪಡಸಾಲೆಯಲ್ಲಿ ನಿಂತು ನೋಡಲು ಬಿಸಿಲು ಹೊತ್ತೇ ಹಿತ. ಬೆಳಿಗ್ಗೆ ಮೇಲುಕೋಟೆ, ಊಟವಾದ ಮೇಲೆ ಪಾಂಡವಪುರದ ದಾರಿಯಲ್ಲಿ ಇಳಿದು ದರಿಯಾ ದೌಲತ್, ನಾಲ್ಕಕ್ಕೆ ಬಾಗಿಲು ತೆರೆದಾಗ ರಂಗನಾಥಸ್ವಾಮಿ, ಐದೂವರೆಗೆ ಬೆಂಗಳೂರಿನ ಕಡೆಗೆ: ಇದಕ್ಕಿಂತ ನೆಮ್ಮದಿಯ ದಿನವನ್ನು ಆ ಕಡೆಗೆ ನಾನು ಹಾಕಿಕೊಡಲಾರೆ. ಮೂರೇ ಜಾಗ. ಮೂರೇ ಎಂದು ಮುಖ ಸಣ್ಣದು ಮಾಡಿಕೊಂಡವರು ಸಂಜೆ ಸುಸ್ತಾಗದೆ ಮನೆಗೆ ಬಂದದ್ದನ್ನು ಹೇಳಲು ಮರುದಿನ ಫೋನ್ ಮಾಡಿದ್ದಾರೆ.

ಶ್ರವಣಬೆಳಗೊಳದಲ್ಲಿ ಬಾಗಿಲಿನ ಕೆಲಸವನ್ನು ಬಿಸಿಲು ಮಾಡುತ್ತದೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲೇ ಹತ್ತಬೇಕು, ಬಂಡೆಯಲ್ಲೇ ಕಡೆದ ಆ ಮೆಟ್ಟಿಲುಗಳು ಹನ್ನೊಂದು ಗಂಟೆಯ ಹೊತ್ತಿಗೆ ಕಾವೇರತೊಡಗಿ ಒಂದರ ಹೊತ್ತಿಗೆ ಹೆಜ್ಜೆ ಊರಲಾಗದಷ್ಟು ಸುಡುತ್ತವೆ. ದೂರದ್ದನ್ನು ಮೊದಲು ಮುಗಿಸಿ ಬರುವಾಗ ಹತ್ತಿರದ್ದು ನೋಡೋಣ ಎಂದು ಬೇಲೂರಿಗೆ ಮೊದಲು ಹೋಗಿ, ಮಧ್ಯಾಹ್ನಕ್ಕೆ ಇಲ್ಲಿಗೆ ಬಂದು, ಅರ್ಧ ಬೆಟ್ಟದಲ್ಲಿ ಕುಳಿತುಬಿಟ್ಟ ತಂಡವೊಂದರ ಹಿರಿಯರನ್ನು ಡೋಲಿಯಲ್ಲಿ ಇಳಿಸಬೇಕಾಗಿ ಬಂದದ್ದುಂಟು. ಎಂಟು ಗಂಟೆಯೊಳಗೆ ಗೊಮ್ಮಟನ ಪಾದದ ಬಳಿ ಇರುವಂತೆ ನಸುಕಿನಲ್ಲಿ ಹೊರಡಲು ಆಗುವುದಿಲ್ಲ ಎನ್ನುವವರಿಗೆ ನಾನು ಶ್ರವಣಬೆಳಗೊಳವನ್ನು ಬರೆದುಕೊಡುವುದಿಲ್ಲ. ಹೃದಯದ ತೊಂದರೆ, ಮೊಣಕಾಲಿನ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹತ್ತಬೇಕೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಸಂಜೆಯ ಕಡೆಯಿಂದಲೂ ಇದೇ ತೊಡಕು. ಮೈಸೂರು ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಸಂಜೆ ಏಳಕ್ಕೆ ಬೆಳಗುತ್ತದೆ, ಅದೂ ಮುಕ್ಕಾಲು ಗಂಟೆಯಷ್ಟೇ. ಕನ್ನಂಬಾಡಿಯ ಬೃಂದಾವನದಲ್ಲಿ ಸಂಗೀತ ಕಾರಂಜಿಯೂ ಕತ್ತಲಾದ ಮೇಲೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ. ಎರಡರ ನಡುವೆ ಭಾನುವಾರದ ದಟ್ಟಣೆಯ ರಸ್ತೆ. “ಎರಡೂ ಮೈಸೂರೇ ಅಲ್ಲವೇ?” ಎಂದು ಕೇಳುತ್ತಾರೆ. ಯಾವುದಾದರೂ ಒಂದನ್ನು ಆರಿಸಿಕೊಳ್ಳಿ ಎಂದು ನಾನು ಕಠಿಣವಾಗಿಯೇ ಹೇಳುತ್ತೇನೆ. ಅಲ್ಲಿಂದ ಎಂಟಕ್ಕೆ ಹೊರಟರೆ ಕೆಂಗೇರಿಯವರೆಗೆ ಎರಡು ಗಂಟೆಗೂ ಹೆಚ್ಚು, ರಜೆ ಮುಗಿಸಿ ಊರಿನಿಂದ ಮರಳುವವರೆಲ್ಲ ಅದೇ ಹೊತ್ತಿಗೆ ಸೇರುವುದರಿಂದ ಕೆಂಗೇರಿಯಿಂದ ಯಲಹಂಕಕ್ಕೋ ವೈಟ್‌ಫೀಲ್ಡಿಗೋ ಇನ್ನೊಂದು ಒಂದೂವರೆ ಗಂಟೆ. ಮನೆಯ ಬಾಗಿಲಲ್ಲಿ ನಿಮ್ಮನ್ನು ಇಳಿಸಿದ ಮೇಲೆ ಚಾಲಕ ವಾಹನವನ್ನು ಶೆಡ್ಡಿಗೆ ಬಿಟ್ಟು ತನ್ನ ಮನೆ ಸೇರಬೇಕು, ಅವನು ಎದ್ದದ್ದು ನಿಮಗಿಂತ ಎರಡು ಗಂಟೆ ಮೊದಲು. ‘ದಾರಿಯಲ್ಲೇ ಸಿಗುತ್ತದೆ’ ಎಂದು ಸೇರಿಸಿದ ಪ್ರತಿಯೊಂದು ಜಾಗವೂ ಕೊನೆಗೆ ಸೇರುವುದು ಅವನ ಕಣ್ಣಿನ ನಿದ್ದೆಗೆ. ಹದಿನಾರು ಗಂಟೆ ಎಚ್ಚರವಿದ್ದವನ ಕೈಯಲ್ಲಿ ನಿಮ್ಮ ಮನೆಯ ಹನ್ನೆರಡು ಜನರನ್ನು ಕೂರಿಸಲು ನಾನು ಒಪ್ಪುವುದಿಲ್ಲ, ಇದರಿಂದ ಬುಕಿಂಗ್ ಹೋದರೂ ಹೋಗಲಿ.

ನಿಜವಾಗಿಯೂ ದಾರಿಯಲ್ಲೇ ಸಿಗುವ ಜೋಡಿಗಳು ಇಲ್ಲವೆಂದಲ್ಲ. ನಂದಿಬೆಟ್ಟದಿಂದ ಇಳಿದರೆ ಬುಡದ ನಂದಿ ಗ್ರಾಮದಲ್ಲಿಯೇ ಭೋಗನಂದೀಶ್ವರನಿದ್ದಾನೆ. ಸೂರ್ಯೋದಯದ ಗದ್ದಲದಲ್ಲಿ ಬೆಟ್ಟ ನೋಡಿ ಬಂದವರಿಗೆ ಆ ವಿಶಾಲ ಪ್ರಾಂಗಣದ ಮೌನವೇ ದಿನದ ಹೆಚ್ಚಿನ ಭಾಗ್ಯವಾದದ್ದನ್ನು ಕಂಡಿದ್ದೇನೆ. ಹಳೇಬೀಡಿಗೂ ಬೇಲೂರಿಗೂ ನಡುವೆ ಹದಿನಾರು ಕಿಲೋಮೀಟರು, ಒಂದನ್ನು ನೋಡಿ ಇನ್ನೊಂದನ್ನು ಬಿಡುವುದು ತಪ್ಪೇ. ಶ್ರೀರಂಗಪಟ್ಟಣಕ್ಕೆ ಹೋದವರಿಗೆ ರಂಗನತಿಟ್ಟು ಹತ್ತಿರ, ಆದರೆ ಅಲ್ಲಿ ದೋಣಿಯ ಸರದಿಗೆ ಕಾಯಬೇಕು, ಮಳೆಗಾಲದಲ್ಲಿ ಕನ್ನಂಬಾಡಿಯಿಂದ ನೀರು ಬಿಟ್ಟಾಗ ದೋಣಿವಿಹಾರವೇ ನಿಲ್ಲುತ್ತದೆ. ಹಾಗಾಗಿ ಅದನ್ನು ಸೇರಿಸುವುದಾದರೆ ಬೇರೊಂದನ್ನು ತೆಗೆಯಬೇಕು, ಸುಮ್ಮನೆ ಕೂಡಿಸುವುದಲ್ಲ.

ನಾನು ಹೇಳಿದ ಹೊತ್ತುಗಳನ್ನು ದಯವಿಟ್ಟು ಅಂದಾಜು ಎಂದೇ ತೆಗೆದುಕೊಳ್ಳಿ. ಧನುರ್ಮಾಸದಲ್ಲಿ ಪೂಜೆಯ ವೇಳೆ ಬದಲಾಗುತ್ತದೆ, ಗ್ರಹಣದ ದಿನ ಬಾಗಿಲು ಮೊದಲೇ ಹಾಕಬಹುದು, ಉತ್ಸವದ ದಿನ ದರ್ಶನದ ಕ್ರಮವೇ ಬೇರೆ. ಮೈಸೂರಿನ ಮೃಗಾಲಯಕ್ಕೂ ಬನ್ನೇರುಘಟ್ಟದ ಉದ್ಯಾನಕ್ಕೂ ಮಂಗಳವಾರ ರಜೆಯಾದರೂ ಹಬ್ಬಹರಿದಿನಗಳಲ್ಲಿ ಅದೂ ಬದಲಾಗುವುದುಂಟು. ಹೊರಡುವ ಹಿಂದಿನ ಸಂಜೆ ದೇವಸ್ಥಾನದ ಕಚೇರಿಗೆ ಒಂದು ಫೋನ್ ಮಾಡಿ ಕೇಳುವುದು ಹತ್ತು ನಿಮಿಷದ ಕೆಲಸ, ಮತ್ತು ಈ ಹತ್ತು ನಿಮಿಷ ನಿಜಕ್ಕೂ ಹತ್ತು ನಿಮಿಷವೇ.

ಈಗ ನಾನು ಬರೆದುಕೊಡುವ ಹಾಳೆಯಲ್ಲಿ ಮುಂಬದಿಗೆ ಮೂರು ಜಾಗಗಳು ಮಾತ್ರ ಇರುತ್ತವೆ. ಚಪ್ಪಲಿ ಮೆಟ್ಟುವಾಗ ನೆನಪಾದ ಊರುಗಳನ್ನೆಲ್ಲ ಹಿಂಬದಿಯಲ್ಲಿ ಬರೆದುಕೊಳ್ಳಿ ಎಂದು ಪೆನ್ನು ಕೊಡುತ್ತೇನೆ, ಅವು ಇನ್ನೊಂದು ದಿನಕ್ಕೆ. ಮೇಷ್ಟರ ಮನೆಯ ಹಾಳೆಯ ಹಿಂಬದಿಯಲ್ಲಿ ಆ ಹುಡುಗಿ ತನ್ನ ಕೈಯಾರೆ ‘ಅರಮನೆ’ ಎಂದು ಬರೆದಿದ್ದಳು. ಬೇಸಿಗೆ ರಜೆಯಲ್ಲಿ ಅವರು ಮತ್ತೆ ಬಂದಾಗ ಅದನ್ನೇ ಮುಂಬದಿಯ ಮೊದಲ ಸಾಲಿಗೆ ತಂದೆವು, ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುವಾಗ ಅವಳು ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದಳಂತೆ.