ವಾಲ್ವ್ ಎಲ್ಲಿ ಸಿಗ್ತಾವ್ರಿ ಅಂತ ಕೇಳುವವರಿಗೆ

"ಸರ, ನಮ್ಮ ಕಾಕಾ ಅವರ ಹಳೇ ಹ್ಯಾಮ್ ಸೆಟ್ ಅದ. ಜೋಡಿ ಅವರೇ ಕಟ್ಟಿದ 807ರ ಆಂಪ್ಲಿಫೈಯರ್ ಅದ. ಎರಡೂ ಬಂದ್ ಬಿದ್ದಾವ. ಒಬ್ಬರಿಗಿ ತೋರಿಸಿದ್ರ ವಾಲ್ವ್ ಹೋಗ್ಯಾವ, ಈಗ ಸಿಗಂಗಿಲ್ಲ ಅಂದ್ರು. ವಾಲ್ವ್ ಎಲ್ಲಿ ಸಿಗ್ತಾವ ಹೇಳ್ರಿ."

ಈ ಸಲ ಪ್ರಶ್ನೆ ಬಂದದ್ದು ಆಳಂದದಿಂದ. (ಹ್ಯಾಮ್ ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು. ವಾಲ್ವ್ ಅಂದರೆ ಟ್ರಾನ್ಸಿಸ್ಟರ್ ಬರುವ ಮುಂಚೆ ಸಿಗ್ನಲ್ ಹಿಗ್ಗಿಸುತ್ತಿದ್ದ ಗಾಜಿನ ಬುರುಡೆ, 807 ಅಂಥ ಒಂದು ವಾಲ್ವಿನ ನಂಬರು.) ಹೋದ ತಿಂಗಳು ಹುಮನಾಬಾದಿನಿಂದ ಬಂದಿತ್ತು, ಅದಕ್ಕೂ ಮುಂಚೆ ಸುರಪುರದಿಂದ. ಊರು ಬೇರೆ, ಸೆಟ್ ಬೇರೆ, ಕೊನೆಯ ಸಾಲು ಮಾತ್ರ ಅದೇ. ಎಷ್ಟು ಜನಕ್ಕೆ ಫೋನಿನಲ್ಲಿ ಇದನ್ನೇ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ಪೂರ್ತಿ ಬರೆದಿಡುತ್ತೇನೆ, ಮುಂದೆ ಕೇಳುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಫೋನ್ ಮಾಡಿ.

ಕೇಳಿದ್ದಕ್ಕೆ ಮೊದಲು ಉತ್ತರ: ಸಿಗುತ್ತವೆ. ಇಎಲ್84, ಇಎಲ್34, 6ಎಲ್6, ಇಸಿಸಿ83 ನಂಬರಿನ ವಾಲ್ವ್‌ಗಳು ಇವತ್ತಿಗೂ ಹೊಸದಾಗಿ ತಯಾರಾಗುತ್ತಿವೆ. ಗಿಟಾರ್ ಆಂಪ್ಲಿಫೈಯರ್‌ನವರು ವಾಲ್ವ್ ಬಿಟ್ಟಿಲ್ಲ, ಹಾಗಾಗಿ ಸ್ಲೊವಾಕಿಯಾ, ರಷ್ಯಾ, ಚೀನಾದ ಕಾರ್ಖಾನೆಗಳೂ ಬಿಟ್ಟಿಲ್ಲ. 807 ಎರಡನೇ ಮಹಾಯುದ್ಧದ ಕಾಲದಲ್ಲಿ ರಾಶಿಗಟ್ಟಲೆ ತಯಾರಾದ ವಾಲ್ವ್, ಅದರ ಹಳೇ ದಾಸ್ತಾನು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿದೆ. ಆದರೆ ನನ್ನದೊಂದು ಪ್ರಶ್ನೆ ಇದೆ. ನಿಮ್ಮ ವಾಲ್ವ್ ಹೋಗಿದೆ ಅಂತ ಹೇಳಿದವರು ಯಾವ ಪಿನ್ನಿಗೆ ಮೀಟರ್ ಇಟ್ಟು ನೋಡಿದರು? ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ ಮೀಟರ್ ಹೊರಗೇ ತೆಗೆದಿರುವುದಿಲ್ಲ.

ಈ ನಂಬಿಕೆ ಹುಟ್ಟಿದ್ದು ವಾಲ್ವಿನ ರೂಪದಿಂದ. ಗಾಜಿನ ಬುರುಡೆ, ಒಳಗೆ ಕೆಂಪಗೆ ಉರಿಯುವ ತಂತಿ. ಬಲ್ಬ್ ಫ್ಯೂಸ್ ಆಗುತ್ತದೆ, ಹಾಗೇ ಇದೂ ಫ್ಯೂಸ್ ಆಗಿರಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಹಳೇ ಬಲ್ಬಿನ ತಂತಿ ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳ್ಳಗೆ ಉರಿಯುತ್ತದೆ, ಅದರ ಆಯುಷ್ಯ ಸಾವಿರ ಗಂಟೆ. ರಿಸೀವರ್ ವಾಲ್ವಿನ ಕ್ಯಾಥೋಡ್, ಅಂದರೆ ಒಳಗೆ ಕಾಯುವ ಭಾಗ, ಕೆಲಸ ಮಾಡುವುದು 700-800 ಡಿಗ್ರಿಯಲ್ಲಿ. ನಸುಗೆಂಪು, ಒಲೆಯಲ್ಲಿ ಆರುತ್ತಿರುವ ಕೆಂಡದಷ್ಟು. ಸರಿಯಾದ ವೋಲ್ಟೇಜ್ ಸಿಕ್ಕರೆ ಅದು ಐದು, ಹತ್ತು ಸಾವಿರ ಗಂಟೆ ದುಡಿಯುತ್ತದೆ. ದಿನಕ್ಕೆ ಎರಡು ಗಂಟೆ ಕೇಳಿದರೂ ಐದು ಸಾವಿರ ಗಂಟೆ ಮುಗಿಯಲು ಸುಮಾರು ಏಳು ವರ್ಷ ಬೇಕು. ನಿಮ್ಮ ಕಾಕಾ ಅವರ ಸೆಟ್ ಇಪ್ಪತ್ತು ವರ್ಷ ಅಟ್ಟದ ಮೇಲೆ ಸುಮ್ಮನೆ ಕುಳಿತಿತ್ತು. ಸುಮ್ಮನೆ ಕುಳಿತ ವಾಲ್ವ್ ಸವೆಯುವುದಿಲ್ಲ. ಒಳಗೆ ಗಾಳಿ ಹೋಗದಿದ್ದರೆ ಇಟ್ಟ ಹಾಗೇ ಇರುತ್ತದೆ.

ಸುಮ್ಮನೆ ಕುಳಿತರೂ ಹಾಳಾಗುವ ಸಾಮಾನು ಬೇರೆ ಇದೆ: ಕಂಡೆನ್ಸರ್, ಈಗಿನವರ ಮಾತಲ್ಲಿ ಕೆಪ್ಯಾಸಿಟರ್. ಹಳೇ ಸೆಟ್ಟಿನ ಕಂಡೆನ್ಸರ್ ಎಂದರೆ ತೆಳು ಲೋಹದ ಹಾಳೆ, ನಡುವೆ ಕಾಗದ, ಮೇಲೆ ಮೇಣ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ ನೆರಳಲ್ಲೇ 42 ಡಿಗ್ರಿ ಇರುತ್ತದೆ. ಪತ್ರಾಸಿನ ಕೆಳಗಿನ ಅಟ್ಟದಲ್ಲಿ ಎಷ್ಟಿರುತ್ತದೆ, ನೀವೇ ಕೈ ಇಟ್ಟು ನೋಡಿ. ಮೇಣ ಮೆತ್ತಗಾಗಿ ಇಳಿಯುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಒಳಗಿನ ಕಾಗದ ತೇವ ಕುಡಿಯುತ್ತದೆ. ಇಪ್ಪತ್ತು ಬೇಸಿಗೆ, ಇಪ್ಪತ್ತು ಮಳೆಗಾಲ ಹೀಗೆ ಕಳೆದ ಮೇಲೆ ಅದು ಕಂಡೆನ್ಸರ್ ಆಗಿ ಉಳಿದಿರುವುದಿಲ್ಲ, ಡಿಸಿ ಕರೆಂಟು ಸೋರಿಬಿಡುವ ರೆಸಿಸ್ಟರ್ ಆಗಿರುತ್ತದೆ.

ಈ ಸೋರಿಕೆ ವಾಲ್ವನ್ನು ಹೇಗೆ ಕೊಲ್ಲುತ್ತದೆ ಎಂದು ತಿಳಿದರೆ ಉಳಿದದ್ದೆಲ್ಲ ತಾನೇ ತಿಳಿಯುತ್ತದೆ. ವಾಲ್ವಿನಲ್ಲಿ ಪ್ಲೇಟ್ ಅಂದರೆ ಕ್ಯಾಥೋಡ್ ಬಿಟ್ಟ ಎಲೆಕ್ಟ್ರಾನು ಬಂದು ಸೇರುವ ತಗಡು, ಗ್ರಿಡ್ ಅಂದರೆ ನಡುವೆ ಆ ಹರಿವಿಗೆ ಕಡಿವಾಣ ಹಾಕುವ ಜಾಲರಿ. ಮೊದಲ ಆಡಿಯೋ ವಾಲ್ವಿನ ಪ್ಲೇಟಿನಿಂದ, ಸ್ಪೀಕರ್ ನಡೆಸುವ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಒಂದು ಕಪ್ಲಿಂಗ್ ಕಂಡೆನ್ಸರ್ ಇರುತ್ತದೆ. ಅದು ದನಿಯನ್ನು ದಾಟಿಸಬೇಕು, ಡಿಸಿಯನ್ನು ತಡೆಯಬೇಕು. ಪ್ಲೇಟಿನಲ್ಲಿ 100 ವೋಲ್ಟ್ ಇದೆ, ಕಂಡೆನ್ಸರ್ 10 ಮೆಗಾಓಮ್‌ನಷ್ಟು ಸೋರುತ್ತಿದೆ, ಗ್ರಿಡ್ಡಿನಿಂದ ಚಾಸಿಗೆ (ಸೆಟ್ಟಿನ ಲೋಹದ ತಳಕ್ಕೆ) ಇಳಿಯುವ ರೆಸಿಸ್ಟರ್ 1 ಮೆಗಾಓಮ್ ಎಂದುಕೊಳ್ಳಿ. 100ನ್ನು 11ರಿಂದ ಭಾಗಿಸಿದರೆ ಗ್ರಿಡ್ಡಿನ ಮೇಲೆ ಪ್ಲಸ್ 9 ವೋಲ್ಟ್ ಬಂದು ಕೂತಿತು. ಇಎಲ್84ಕ್ಕೆ ಬೇಕಾದ ಬಯಾಸ್, ಅಂದರೆ ಕ್ಯಾಥೋಡಿಗೆ ಹೋಲಿಸಿದರೆ ಗ್ರಿಡ್ಡಿನಲ್ಲಿ ಇರಬೇಕಾದ ವೋಲ್ಟೇಜ್, ಮೈನಸ್ 7ರ ಆಸುಪಾಸು. ಮೈನಸ್ ಇರಬೇಕಾದಲ್ಲಿ ಪ್ಲಸ್ ಬಂದರೆ ವಾಲ್ವ್ ಕಡಿವಾಣವಿಲ್ಲದೆ ಕರೆಂಟ್ ಎಳೆಯುತ್ತದೆ, ಪ್ಲೇಟ್ ಕೆಂಪಾಗುತ್ತದೆ. ಆಗ ಮೆಕ್ಯಾನಿಕ್ ಬಂದು ವಾಲ್ವ್ ಹೋಗಿದೆ ಅನ್ನುತ್ತಾನೆ. ಹೊಸದು ಹಾಕುತ್ತಾನೆ. ಹೊಸ ವಾಲ್ವ್ ನಾಲ್ಕು ತಿಂಗಳು ಆ ಹಿಂಸೆ ತಾಳಿಕೊಳ್ಳುತ್ತದೆ, ಸೆಟ್ ಹಾಡುತ್ತದೆ, ಎಲ್ಲರಿಗೂ ಖುಷಿ. ವಾಲ್ವ್ ಬದಲಿಸಿದ್ದಕ್ಕೇ ಸರಿಹೋಯಿತು ಎಂಬ ನಂಬಿಕೆ ಗಟ್ಟಿಯಾಗಿ ಬೇರು ಬಿಡುವುದು ಆ ನಾಲ್ಕು ತಿಂಗಳಲ್ಲಿ.

ಹೋದ ಬೇಸಿಗೆಯಲ್ಲಿ ಚಿಂಚೋಳಿ ಕಡೆಯ ನಿವೃತ್ತ ಮಾಸ್ತರರೊಬ್ಬರು ಒಂದು ರಿಸೀವರ್ ತಂದರು. ಎರಡು ವರ್ಷದಲ್ಲಿ ಮೂರನೇ ಇಎಲ್84 ಅದು. "ಹತ್ತು ನಿಮಿಷ ಚಂದ ಹಾಡ್ತದ್ರಿ, ಆಮ್ಯಾಲೆ ದನಿ ಗೊಗ್ಗರ ಆಗ್ತದ" ಅಂದರು. ಆ ಮಾತಲ್ಲೇ ರೋಗ ಇತ್ತು, ಸೋರಿಕೆ ಬಿಸಿಯಾದಂತೆ ಹೆಚ್ಚುತ್ತದೆ. ಸೆಟ್ ಬೋರಲು ಹಾಕಿದೆ. ಮೀಟರಿನ ಕರಿ ತಂತಿ ಚಾಸಿಗೆ, ಕೆಂಪು ತಂತಿ ಎರಡನೇ ಪಿನ್ನಿಗೆ, ಅಂದರೆ ಗ್ರಿಡ್ಡಿಗೆ. ಈ ಸೆಟ್ಟಿನಲ್ಲಿ ಕ್ಯಾಥೋಡನ್ನೇ ಚಾಸಿಗಿಂತ ಮೇಲೆತ್ತಿ ಮೈನಸ್ ಬಯಾಸ್ ಕೊಟ್ಟಿರುತ್ತಾರೆ, ಹಾಗಾಗಿ ಚಾಸಿಯಿಂದ ಅಳೆದರೆ ಗ್ರಿಡ್ ಸೊನ್ನೆ ಇರಬೇಕು. ಇದ್ದದ್ದು 6 ವೋಲ್ಟ್. ಮಾಸ್ತರರು ಚಹಾ ಮುಗಿಸುವಷ್ಟರಲ್ಲಿ 9ಕ್ಕೆ ಏರಿತು. ವಾಲ್ವ್ ಕಿತ್ತು ಪಕ್ಕಕ್ಕಿಟ್ಟೆ. ಅಂಕಿ ಇಳಿಯಲಿಲ್ಲ. ಈ ಒಂದು ಹೆಜ್ಜೆಯನ್ನು ನೆನಪಿಡಿ: ವಾಲ್ವ್ ಕಿತ್ತಾಗ ಪ್ಲಸ್ ವೋಲ್ಟೇಜ್ ಮಾಯವಾದರೆ ವಾಲ್ವಿನೊಳಗೇ ಗ್ಯಾಸ್ ಇದೆ, ಹಾಗೇ ನಿಂತರೆ ತಪ್ಪು ಕಂಡೆನ್ಸರಿನದು. ಬೆಲ್ಲದ ಬಣ್ಣದ ಆ ಕಂಡೆನ್ಸರಿನ ಮೇಣ ಒಂದು ಬದಿಗೆ ಹರಿದು ದಪ್ಪಗಟ್ಟಿತ್ತು, ಅದಕ್ಕೆ ಧೂಳು, ಒಂದು ಇರುವೆ ಅಂಟಿಕೊಂಡಿದ್ದವು. ಕತ್ತರಿಸಿ ತೆಗೆದು 0.01 ಮೈಕ್ರೋಫ್ಯಾರಡ್, 630 ವೋಲ್ಟಿನ ಪಾಲಿಯೆಸ್ಟರ್ ಕಂಡೆನ್ಸರ್ ಹಾಕಿದೆ. ಗ್ರಿಡ್ ಸೊನ್ನೆಗೆ ಬಂತು. ಆಮೇಲೆ ಮಾಸ್ತರರಿಗೆ ಕೇಳಿದೆ, ಮೊದಲಿನ ಎರಡು "ಸತ್ತ" ವಾಲ್ವ್ ಎಲ್ಲಿ? ಒಂದನ್ನು ಎಸೆದಿದ್ದರು. ಇನ್ನೊಂದು ಚೀಲದಲ್ಲೇ ಇತ್ತು. ಹಾಕಿದೆವು, ಹಾಡಿತು. ಈಗಲೂ ಅದೇ ಹಾಡುತ್ತಿದೆ. ಇಷ್ಟಕ್ಕೆ ಹಿಡಿದ ಖರ್ಚು ಒಂದು ಚಹಾದ ದುಡ್ಡು.

"ನಾನು ಕಂಡೆನ್ಸರ್ ಚೆಕ್ ಮಾಡೀನಿ, ಮೀಟರಿನಾಗ ಸರಿ ತೋರಿಸ್ತದ" ಅನ್ನುವವರಿಗೂ ಒಂದು ಮಾತು. ಮಲ್ಟಿಮೀಟರ್ ಪರೀಕ್ಷೆ ಮಾಡುವುದು ಕೆಲವೇ ವೋಲ್ಟಿನಲ್ಲಿ. ಸೋರಿಕೆ ಎದ್ದು ಕಾಣುವುದು ನೂರು, ಇನ್ನೂರು ವೋಲ್ಟಿನಲ್ಲಿ. ಸೆಟ್ ಚಾಲೂ ಇದ್ದಾಗ ಗ್ರಿಡ್ ಅಳೆಯುವುದೇ ನಿಜವಾದ ಪರೀಕ್ಷೆ.

ಇದೆಲ್ಲ ಮನೆ ರೇಡಿಯೋದ ಮಾತಾಯಿತು, ಹ್ಯಾಮ್ ಸೆಟ್ ಬೇರೆ ಎನ್ನಬೇಡಿ. 1970ರ ದಶಕದ ಯಾಯೆಸು ಎಫ್‌ಟಿ-101 ತೆಗೆದುಕೊಳ್ಳಿ. ಬಹುತೇಕ ಟ್ರಾನ್ಸಿಸ್ಟರ್ ಸೆಟ್ಟೇ, ವಾಲ್ವ್ ಇರುವುದು ಆಂಟೆನಾಕ್ಕೆ ಶಕ್ತಿ ಕೊಡುವ ಕೊನೆಯ ಹಂತದಲ್ಲಿ, ಅಂದರೆ ಫೈನಲ್‌ನಲ್ಲಿ, 6ಜೆಎಸ್6ಸಿ ಎರಡು, ಅದನ್ನು ನಡೆಸುವ ಡ್ರೈವರ್ 12ಬಿವೈ7ಎ ಒಂದು. ಡ್ರೈವರಿನ ಪ್ಲೇಟಿನಲ್ಲಿ ಸುಮಾರು 300 ವೋಲ್ಟ್, ಅಲ್ಲಿಂದ ಫೈನಲ್‌ಗಳ ಗ್ರಿಡ್ಡಿಗೆ ಹೋಗುವುದು ಒಂದು ಪುಟ್ಟ ಕಪ್ಲಿಂಗ್ ಕಂಡೆನ್ಸರ್. ಅದು ಸೋರಿದರೆ ಗ್ರಿಡ್ಡಿನ ಮೈನಸ್ ಬಯಾಸ್ ಕರಗಿಹೋಗುತ್ತದೆ, ಫೈನಲ್‌ಗಳು ಬೇಯುತ್ತವೆ. 6ಜೆಎಸ್6ಸಿ ನಿಜಕ್ಕೂ ದುರ್ಲಭ, ದುಬಾರಿ. ಅಷ್ಟು ದುಡ್ಡು ಕೊಟ್ಟು ಜೋಡಿ ತರಿಸಿ, ಅದೇ ಹಳೇ ಕಂಡೆನ್ಸರಿನ ಮುಂದೆ ಕೂರಿಸಿ ಒಂದೇ ಸಂಜೆಯಲ್ಲಿ ಸುಟ್ಟವರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಮೊದಲು ಅಲ್ಲಿ 1 ಕಿಲೋವೋಲ್ಟ್ ತಾಳುವ ಸಿಲ್ವರ್ ಮೈಕಾ ಕಂಡೆನ್ಸರ್ ಹಾಕಿ, ಗ್ರಿಡ್ಡಿನ ಬಯಾಸ್ ಅಳೆಯಿರಿ, ಆಮೇಲೆ ಫೈನಲ್ ಮುಟ್ಟಿ. ಕಾಕಾ ಅವರ 807 ಆಂಪ್ಲಿಫೈಯರ್‌ಗೂ ಇದೇ ಕ್ರಮ.

ವಾಲ್ವ್ ಯಾವತ್ತೂ ಹೋಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಗಾಜಿನ ಒಳಮೈಗೆ ಬೆಳ್ಳಿಯಂಥ ಕನ್ನಡಿ ಕಲೆ ಇರುತ್ತದಲ್ಲ, ಅದಕ್ಕೆ ಗೆಟರ್ ಎನ್ನುತ್ತಾರೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ಆ ವಾಲ್ವ್ ಮುಗಿಯಿತು. ಹೀಟರ್ ಪಿನ್ನುಗಳ ನಡುವೆ ಓಮ್ ಮೀಟರ್ ಏನೂ ತೋರಿಸದಿದ್ದರೆ ಹೀಟರ್ ತುಂಡಾಗಿದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್‌ಗಳಲ್ಲಿ ಹೀಟರ್‌ಗಳು ದೀಪಾವಳಿ ಸರದಂತೆ ಒಂದರ ಹಿಂದೆ ಒಂದು ಇರುತ್ತವೆ, ಒಂದು ಹೋದರೆ ಎಲ್ಲವೂ ಆರುತ್ತವೆ. ಆ ಸೆಟ್‌ಗಳ ಚಾಸಿಗೇ ಮೇನ್ಸ್ ಕರೆಂಟ್ ಬರಬಹುದು, ಬರಿಗೈ ಇಡಬೇಡಿ. ಇನ್ನು ಎಷ್ಟೋ ಸಲ ವಾಲ್ವೂ ಸರಿ, ಕಂಡೆನ್ಸರೂ ಸರಿ, ಪಿನ್ನಿಗೆ ಕಿಲುಬು ಹಿಡಿದಿರುತ್ತದೆ ಅಷ್ಟೇ. ನಾಲ್ಕು ಸಲ ಕಿತ್ತು ಹಾಕಿದರೆ ಮಾತಾಡುತ್ತದೆ.

ಸಾಮಾನು ಎಲ್ಲಿ ತರುವುದು? ಪಾಲಿಯೆಸ್ಟರ್ ಕಂಡೆನ್ಸರ್, 450 ವೋಲ್ಟಿನ ಇಲೆಕ್ಟ್ರೋಲಿಟಿಕ್ ಕಂಡೆನ್ಸರ್, ರೆಸಿಸ್ಟರ್ ಇವೆಲ್ಲ ಕಲಬುರಗಿ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗಳಲ್ಲೇ ಕೇಳಿ. ಸಿಗದಿದ್ದರೆ ನಮಗೆ ಹತ್ತಿರ ಹೈದರಾಬಾದ್. ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಹತ್ತಿ ಇಳಿದು ಕೋಠಿಯ ಗುಜರಾತಿ ಗಲ್ಲಿಗೆ ಹೋಗಿ. ಬೆಂಗಳೂರಿನ ಎಸ್‌ಪಿ ರಸ್ತೆ, ಮುಂಬೈನ ಲ್ಯಾಮಿಂಗ್ಟನ್ ರಸ್ತೆ ಎಲ್ಲರಿಗೂ ಗೊತ್ತು. ವಾಲ್ವಿಗೆ ಮಾತ್ರ ನಾನು ಮೊದಲು ಹೋಗುವುದು ಹಳೇ ಮೈಕ್‌ಸೆಟ್ ಅಂಗಡಿಯವರ ಹತ್ತಿರ. ಜಾತ್ರೆ, ಮದುವೆಗೆ ವಾಲ್ವ್ ಆಂಪ್ಲಿಫೈಯರ್ ಒಯ್ಯುತ್ತಿದ್ದ ಕಾಲದ 6ಎಲ್6, ಇಎಲ್34, 807 ಅವರ ಗೋದಾಮಿನ ಡಬ್ಬಿಗಳಲ್ಲಿ ಬಿದ್ದಿರುತ್ತವೆ. ಬೆಂಗಳೂರಿನ ಬಿಇಎಲ್ (ಭಾರತ್ ಇಲೆಕ್ಟ್ರಾನಿಕ್ಸ್) ತಯಾರಿಸಿದ ವಾಲ್ವ್ ಅದರ ರಟ್ಟಿನ ಪೆಟ್ಟಿಗೆ ಸಮೇತ ಸಿಕ್ಕದ್ದೂ ಉಂಟು. ರಷ್ಯಾದ ಜಿಯು-50 ವಾಲ್ವ್ ಕೊಳ್ಳುವವರು ಅದರ ಸಾಕೆಟ್ ಜೊತೆಗೇ ಕೊಳ್ಳಿ, ಬೇರೆ ಯಾವ ಸಾಕೆಟ್ಟಿಗೂ ಅದು ಕೂರುವುದಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವವರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ಹಳೇ ಸುತ್ತು ಬಿಚ್ಚುವಾಗ ಪಕ್ಕದಲ್ಲಿ ಕುಳಿತು ಸುತ್ತಿನ ಲೆಕ್ಕ, ತಂತಿಯ ಗೇಜ್ ಬರೆದುಕೊಳ್ಳಿ, ಚಂದ ಸುತ್ತಿಕೊಡುತ್ತಾರೆ.

ಎರಡು ಎಚ್ಚರಿಕೆ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ಆದ ಮೇಲಿನ ಮೊದಲ ಕಂಡೆನ್ಸರ್ 32 ಮೈಕ್ರೋಫ್ಯಾರಡ್ ಇದ್ದರೆ 33 ಹಾಕಿ. ಜಾಸ್ತಿ ಇದ್ದಷ್ಟು ಒಳ್ಳೆಯದು ಅಂತ 220 ಹಾಕಿದರೆ ಮೊದಲ ಕ್ಷಣದ ಕರೆಂಟಿಗೇ ರೆಕ್ಟಿಫೈಯರ್ ಸಾಯುತ್ತದೆ. ಇನ್ನೊಂದು, ಹಳೇ ನಕ್ಷೆಯಲ್ಲಿ ಎಂಎಂಎಫ್ ಅಂತ ಬರೆದಿದ್ದರೆ ಅದು ಇವತ್ತಿನ ಪಿಕೋಫ್ಯಾರಡ್.

ಮೊದಲ ಸಲ ಕರೆಂಟ್ ಕೊಡುವಾಗ 60 ಅಥವಾ 100 ವ್ಯಾಟಿನ ಹಳೇ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ, ಎಲ್‌ಇಡಿ ನಡೆಯುವುದಿಲ್ಲ. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಮುಂದುವರಿಯಿರಿ, ಪೂರ್ತಿ ಬೆಳಕಾಗಿಯೇ ನಿಂತರೆ ಒಳಗೆ ಶಾರ್ಟ್ ಇದೆ. ಹಿಂದಿನ ವೋಲ್ಟೇಜ್ ಸೆಲೆಕ್ಟರ್ 220ಕ್ಕೆ ಇದ್ದರೆ 245ಕ್ಕೆ ತಿರುಗಿಸಿ, ನಮ್ಮ ಲೈನ್ ರಾತ್ರಿ ಹೊತ್ತು 250 ಮುಟ್ಟುತ್ತದೆ.

ಆಂಪ್ಲಿಫೈಯರ್ ಬಗ್ಗೆ ಮಾತ್ರ ಕೈಮುಗಿದು ಹೇಳುತ್ತೇನೆ. 807ರ ಪ್ಲೇಟಿನಲ್ಲಿ 600 ವೋಲ್ಟಿನ ಮೇಲಿರುತ್ತದೆ. ಹೀತ್‌ಕಿಟ್ ಎಸ್‌ಬಿ-220ರಂಥ ದೊಡ್ಡದರಲ್ಲಿ 2,000ಕ್ಕೂ ಹೆಚ್ಚು. ಪ್ಲಗ್ ಕಿತ್ತ ಮೇಲೂ ಅದು ಕಂಡೆನ್ಸರ್‌ಗಳಲ್ಲಿ ಕುಳಿತಿರುತ್ತದೆ, ಅದನ್ನು ಮೆಲ್ಲಗೆ ಇಳಿಸುವ ಒಳಗಿನ ಬ್ಲೀಡರ್ ರೆಸಿಸ್ಟರ್ ಸುಟ್ಟಿದ್ದರೆ ಬಹಳ ಹೊತ್ತು ಕುಳಿತಿರುತ್ತದೆ. ಒಣ ಕೋಲಿಗೆ ಕಟ್ಟಿದ ರೆಸಿಸ್ಟರಿನಿಂದ ಚಾಸಿಗೆ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಕೈ ಹಾಕಿ. ಅಳೆಯುವಾಗ ಎಡಗೈ ಜೇಬಿನಲ್ಲಿರಲಿ. ಒಬ್ಬರೇ ಇದ್ದಾಗ ತೆರೆಯಬೇಡಿ. ಇದರಲ್ಲಿ ಎರಡನೇ ಅವಕಾಶ ಸಿಗುವುದಿಲ್ಲ.

ಇನ್ನು ಯಾರೂ ಕೇಳದ, ಆದರೆ ಸೆಟ್ ಒಯ್ದ ವಾರದೊಳಗೆ ಎಲ್ಲರೂ ಹೊತ್ತು ತರುವ ದೂರು. "ರಿಪೇರಿ ಸರಿ ಆಗಿಲ್ರಿ, ಬರೇ ಗರ್ ಅಂತದ." ನಾವು ಚಿಕ್ಕವರಿದ್ದಾಗ ಕಲಬುರಗಿ ಆಕಾಶವಾಣಿಯ 1107 ಕಿಲೋಹರ್ಟ್ಸ್‌ಗೆ ಮುಳ್ಳು ತಂದರೆ ದನಿ ಗಂಟೆಯಂತೆ ಬರುತ್ತಿತ್ತು, ನಿಜ. ಆಗ ಮನೆಯಲ್ಲಿ ಎಲ್‌ಇಡಿ ಬಲ್ಬ್ ಇರಲಿಲ್ಲ, ಮೊಬೈಲ್ ಚಾರ್ಜರ್ ಇರಲಿಲ್ಲ, ಇನ್ವರ್ಟರ್ ಇರಲಿಲ್ಲ. ಒಂದೊಂದೇ ಪ್ಲಗ್ ಕಿತ್ತು ಕೇಳುತ್ತ ಹೋಗಿ, ಗದ್ದಲ ಯಾವುದರಿಂದ ಅಂತ ನಿಮಗೇ ಸಿಗುತ್ತದೆ. ಅಂಗಳದಲ್ಲಿ ಬೇವಿನ ಮರಕ್ಕೆ ಹತ್ತು ಮೀಟರ್ ತಂತಿ ಎಳೆದು ಕಟ್ಟಿ, ಗೋಡೆಗೆ ತಾಗದಿರಲಿ.

ಇನ್ನೊಂದು ದೂರು, 7 ಮೆಗಾಹರ್ಟ್ಸ್ ಹತ್ತಿರ ಬಾತುಕೋಳಿ ಕೂಗಿದಂತೆ ಕೇಳುತ್ತದೆ, ಸ್ಪೀಕರ್ ಹರಿದಿದೆಯೇ ಅಂತ. ಸ್ಪೀಕರ್ ಸರಿ ಇದೆ. ಅದು ಹ್ಯಾಮ್‌ಗಳು ಮಾತಾಡುವ ಸೈಡ್‌ಬ್ಯಾಂಡ್. ದನಿಯನ್ನು ಹೊರುವ ಮೂಲ ಅಲೆ, ಅಂದರೆ ಕ್ಯಾರಿಯರ್, ಇಲ್ಲದೆ ಕಳಿಸುತ್ತಾರೆ, ಮನೆ ರೇಡಿಯೋಗೆ ಅದನ್ನು ಬಿಡಿಸಲು ಬರುವುದಿಲ್ಲ. ಕಾಕಾ ಅವರಂತೆ ನೀವೂ ಅವರ ಜೊತೆ ಮಾತಾಡಬೇಕೆಂದರೆ ಸ್ವಂತ ಪರೀಕ್ಷೆ, ಸ್ವಂತ ಲೈಸೆನ್ಸ್ ಬೇಕು. ಕಾಕಾ ಅವರ ಕಾಲ್‌ಸೈನ್, ಅಂದರೆ ಲೈಸೆನ್ಸಿನ ಜೊತೆ ಕೊಟ್ಟ ಗುರುತಿನ ಹೆಸರು, ಹೊಲ-ಮನೆಯಂತೆ ವಾರಸಿನಲ್ಲಿ ಬರುವುದಿಲ್ಲ. 12 ವರ್ಷ ತುಂಬಿದ ಯಾರಾದರೂ ಪರೀಕ್ಷೆಗೆ ಕೂರಬಹುದು, ಮನೆಯ ಮಕ್ಕಳನ್ನೂ ಕೂರಿಸಿ. ಕೇಳುವುದಕ್ಕೆ ಅಷ್ಟೆಲ್ಲ ಬೇಡ. ಬಿಎಫ್‌ಓ (ಇಲ್ಲದ ಕ್ಯಾರಿಯರನ್ನು ಸೆಟ್ಟಿನೊಳಗೇ ಹುಟ್ಟಿಸುವ ಭಾಗ) ಇರುವ ಹಳೇ ಕಮ್ಯುನಿಕೇಶನ್ ರಿಸೀವರ್ ಆದರೆ ಬೆಳಗ್ಗೆ ಎಂಟರ ಹೊತ್ತಿಗೆ 7,000ದಿಂದ 7,200 ಕಿಲೋಹರ್ಟ್ಸ್ ನಡುವೆ ಹುಡುಕಿ. ಆರ್‌ಎಫ್ ಗೇನ್ ಇಳಿಸಿ, ಬಿಎಫ್‌ಓ ಹಾಕಿ, ಟ್ಯೂನಿಂಗ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಬನ್ನಿ. ಬಾತುಕೋಳಿಯ ಕೂಗು ದಪ್ಪವಾಗಿ, ಸಣ್ಣದಾಗಿ, ಒಂದು ಕಡೆ ಬಂದು ನಿಲ್ಲುತ್ತದೆ, ಅಲ್ಲಿ ಕೈ ತೆಗೆಯಿರಿ. ಬೆಂಗಳೂರಿನ ಯಾರೋ ಹೈದರಾಬಾದಿನವರಿಗೆ ಅಲ್ಲಿ ಮಳೆ ಹೇಗಿದೆ ಅಂತ ಕೇಳುತ್ತಿರುತ್ತಾರೆ.