ಸೇವ್ ಒತ್ತುವ ಮೊದಲು ಹೆಸರು ಬದಲಿಸಿ

ಡೊಂಬಿವಲಿಯ ನನ್ನ ಅಂಗಡಿಯಲ್ಲಿ ಮಳೆಗಾಲ ಬಂತೆಂದರೆ ಹಳೆ ಫೋಟೋಗಳ ಕೆಲಸ ಜಾಸ್ತಿ. ಇಲ್ಲಿನ ತೇವಕ್ಕೆ ಫ್ರೇಮಿನೊಳಗೆ ಬೂಷ್ಟು ಹಿಡಿಯುತ್ತದೆ, ಫೋಟೋ ಗಾಜಿಗೆ ಅಂಟಿಕೊಳ್ಳುತ್ತದೆ. ಕೀಳಲು ಹೋಗಬೇಡಿ, ಗಾಜಿನ ಸಮೇತ ತನ್ನಿ ಅನ್ನುತ್ತೇನೆ. ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಬಹುದು.

ಎರಡು ವರ್ಷದ ಹಿಂದೆ ಹಾಗೇ ಒಂದು ಮದುವೆ ಫೋಟೋ ಬಂತು. ಕುಂದಾಪುರದ ಕಡೆಯ ಮನೆ, ಚಪ್ಪರದ ಕೆಳಗೆ 26 ಜನ. ಸ್ಕ್ಯಾನಿನಲ್ಲಿ ಮದುಮಗಳ ಮೂಗುತಿಯ ಹರಳು ಕೂಡ ಕಾಣುತ್ತಿತ್ತು. ಪೆನ್ ಡ್ರೈವಿಗೆ ಹಾಕಿ ಕೊಟ್ಟೆ. ಬೂಷ್ಟು ಹಿಡಿದ ಫೋಟೋವನ್ನು ಮನೆಯವರು ಎಸೆದರು.

ಆರು ತಿಂಗಳಾದ ಮೇಲೆ ಆ ಮನೆಯ ಹುಡುಗ ಬಂದ. "ಅಂಕಲ್, ಅಜ್ಜಿ ಹೋಗಿಬಿಟ್ಟರು. ಮದುವೆ ಫೋಟೋದಿಂದ ಅವರ ಮುಖ ದೊಡ್ಡದು ಮಾಡಿಕೊಡಿ." ಫೈಲ್ ತೆರೆದರೆ ಅದರಲ್ಲಿ ಅಜ್ಜ ಒಬ್ಬರೇ. 600 x 800 ಪಿಕ್ಸೆಲ್. ಅಜ್ಜನ ವರ್ಷಾಂತಕ್ಕೆ ವಾಟ್ಸಾಪಿನಲ್ಲಿ ಹಾಕಲು ಕ್ರಾಪ್ ಮಾಡಿ, ಚಿಕ್ಕದು ಮಾಡಿ, ಸೇವ್ ಒತ್ತಿದ್ದ.

"ಸೇವ್ ಮಾಡಿದ್ದೆನಲ್ಲ ಅಂಕಲ್" ಅಂದ.

ಈ ಮಾತನ್ನು ನಾನು ತಿಂಗಳಿಗೊಮ್ಮೆಯಾದರೂ ಕೇಳುತ್ತೇನೆ, ಪ್ರತಿ ಸಲ ಸಂಕಟವಾಗುತ್ತದೆ. ಸೇವ್ ಅಂದರೆ ಉಳಿಸುವುದು, ನಿಜ. ಆದರೆ ಏನನ್ನು? ಈಗ ಪರದೆಯ ಮೇಲೆ ಇರುವುದನ್ನು, ಅದೇ ಹೆಸರಿನಲ್ಲಿ, ಹಳೆಯದರ ಜಾಗದಲ್ಲಿ. ಸ್ಲೇಟು ಒರೆಸಿ ಮತ್ತೆ ಬರೆದ ಹಾಗೆ. ನೀವು 26 ಜನರಲ್ಲಿ ಒಬ್ಬರನ್ನು ಉಳಿಸಿಕೊಂಡರೆ ಉಳಿದ 25 ಜನ ಎಲ್ಲೋ ಒಳಗೆ ಕೂತಿರುವುದಿಲ್ಲ. ಹೋದರು.

ಅದಕ್ಕೇ ಕೆಲಸ ಮುಗಿದ ಮೇಲೆ ಅಲ್ಲ, ಶುರು ಮಾಡುವ ಮೊದಲೇ ಹೆಸರು ಬದಲಿಸಿ. ಫೈಲಿನ ಕಾಪಿ ಮಾಡಿ, ಹೊಸ ಹೆಸರು ಕೊಟ್ಟು, ಕಾಪಿಯನ್ನು ಮಾತ್ರ ತೆರೆಯಿರಿ. ಕೊನೆಗೆ 'ಸೇವ್ ಆಸ್' (ಬೇರೆ ಹೆಸರಿನಲ್ಲಿ ಉಳಿಸು) ಒತ್ತುತ್ತೇನೆ ಅಂದುಕೊಂಡವರ ಬೆರಳು ಅಭ್ಯಾಸಬಲದಿಂದ ಕಂಟ್ರೋಲ್ ಎಸ್, ಅಂದರೆ ಬರೀ ಸೇವ್, ಒತ್ತಿಬಿಡುತ್ತದೆ. ಫೋಟೋ ತಿದ್ದುವ ಗಿಂಪ್ ಎಂಬ ಸಾಫ್ಟ್‌ವೇರ್ 2012ರ 2.8 ಆವೃತ್ತಿಯಿಂದ ಇದಕ್ಕೊಂದು ತಡೆ ಹಾಕಿದೆ: ಸೇವ್ ಅಂದರೆ ಅದರದೇ ಎಕ್ಸ್‌ಸಿಎಫ್ ಫೈಲ್, ಸಾಮಾನ್ಯ ಫೋಟೋ ಫೈಲ್ ಆದ ಜೆಪಿಜಿ ಬೇಕಾದರೆ ಎಕ್ಸ್‌ಪೋರ್ಟ್. ಆದರೂ ಅದೇ ಮೆನುವಿನಲ್ಲಿ 'ಓವರ್‌ರೈಟ್' (ಹಳೆಯದರ ಮೇಲೆಯೇ ಬರೆ) ಅಂತ ಒಂದು ಸಾಲು ಇದೆ. ಅದನ್ನು ಮುಟ್ಟಬೇಡಿ.

ಜೆಪಿಜಿಯ ಇನ್ನೊಂದು ಗುಣ ಗೊತ್ತಿರಲಿ. ಅದು ಚಿತ್ರವನ್ನು 8 x 8 ಪಿಕ್ಸೆಲ್ಲಿನ ಚೌಕಗಳಾಗಿ ಮಾಡಿ, ಕಣ್ಣಿಗೆ ಅಷ್ಟಾಗಿ ಕಾಣದ ವಿವರ ಬಿಟ್ಟು ಹಿಂಡುತ್ತದೆ. ತಿದ್ದಿ ಸೇವ್ ಮಾಡಿದಾಗೆಲ್ಲ ಮತ್ತೆ ಹಿಂಡುತ್ತದೆ. ಸುಮ್ನೆ ತೆರೆದು ನೋಡಿದರೆ, ಕಾಪಿ ಮಾಡಿದರೆ ಏನೂ ಸವೆಯುವುದಿಲ್ಲ, ಭಯ ಬೇಡ. ಕೆಲಸ ನಾಲ್ಕು ದಿನ ನಡೆಯುವುದಾದರೆ, ಹೀಗೆ ಸವೆಯದ ಪಿಎಸ್‌ಡಿ ಅಥವಾ ಟಿಫ್ ಆಗಿ ಇಟ್ಟುಕೊಳ್ಳಿ, ಜೆಪಿಜಿ ಕೊನೆಗೆ ಒಮ್ಮೆ ತೆಗೆದರೆ ಸಾಕು.

ಹೆಸರಿನ ವಿಷಯ. 'ಫೈನಲ್', 'ಫೈನಲ್ 2', 'ಇದೇ ಫೈನಲ್' ಅಂತ ಇಟ್ಟರೆ ಮುಂದಿನ ವರ್ಷ ನಿಮಗೇ ಗೊತ್ತಾಗಲ್ಲ, ಅಲ್ವಾ? ನಾನು ವರ್ಷ, ತಿಂಗಳು, ತಾರೀಕು ಈ ಕ್ರಮದಲ್ಲಿ ಬರೆಯುತ್ತೇನೆ: 2024-07-18-ಮದುವೆ-ಮೂಲ. ತಾರೀಕು ಮೊದಲು ಬರೆದರೆ ಫೋಲ್ಡರಿನ ಪಟ್ಟಿಯಲ್ಲಿ ಜನವರಿಯದೂ ಡಿಸೆಂಬರಿನದೂ ಕಲಸಿಹೋಗುತ್ತವೆ. ಓರೆಗೆರೆ ಹಾಕಬೇಡಿ, ವಿಂಡೋಸ್ ಒಪ್ಪುವುದಿಲ್ಲ. ತಿದ್ದಿದ್ದಕ್ಕೆ 'ಮೂಲ' ತೆಗೆದು 'ಅಜ್ಜ-ವಾಟ್ಸಾಪ್' ಅಂತ ಸೇರಿಸಿದರೆ ಆಯಿತು.

ಈಗಾಗಲೇ ಹಳೆಯದರ ಮೇಲೆ ಸೇವ್ ಆಗಿಬಿಟ್ಟಿದೆಯಾ? ಸಾಫ್ಟ್‌ವೇರ್ ಮುಚ್ಚಬೇಡಿ. ತೆರೆದಿರುವವರೆಗೆ ಸಾಮಾನ್ಯವಾಗಿ ಅನ್‌ಡೂ ಮಾಡಿ ಹಿಂದೆ ಹೋಗಬಹುದು. ಮುಚ್ಚಿದ್ದರೆ, ಫೈಲ್ ಕ್ಲೌಡಿನಲ್ಲಿದ್ದರೆ ಹಳೆಯ ಆವೃತ್ತಿ ಸಿಗುತ್ತದಾ ನೋಡಿ. ರಿಕವರಿ ಸಾಫ್ಟ್‌ವೇರಿನ ಬಗ್ಗೆ ನಾನು ಭರವಸೆ ಕೊಡಲಾರೆ.

ಆ ಹುಡುಗನ ಪೆನ್ ಡ್ರೈವಿನಲ್ಲಿ ಏನೂ ಸಿಗಲಿಲ್ಲ. ಗಿರಾಕಿಗಳ ಫೈಲುಗಳನ್ನು ನಾನು ಆಗ ಮೂರೇ ತಿಂಗಳು ಇಡುತ್ತಿದ್ದೆ. ಈಗ ಹಳೆ ಫೋಟೋದ ಸ್ಕ್ಯಾನುಗಳನ್ನು ಅಳಿಸುವುದಿಲ್ಲ. ಪುಣೆಯ ಅವನ ಚಿಕ್ಕಮ್ಮನ ವಾಟ್ಸಾಪಿನಲ್ಲಿ ಪೂರ್ತಿ ಫೋಟೋ ಇತ್ತು, ಆದರೆ ಕುಗ್ಗಿ ಹೋಗಿತ್ತು. ಅಜ್ಜಿಯ ಮುಖ ಸುಮಾರು 50 ಪಿಕ್ಸೆಲ್ ಅಗಲ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಪ್ರಿಂಟ್ ಮಾಡಿದರೆ ಅರ್ಧ ಸೆಂಟಿಮೀಟರ್ ಕೂಡ ಬರುವುದಿಲ್ಲ. ಈಗಿನ ಸಾಫ್ಟ್‌ವೇರಿಗೆ ಕೊಟ್ಟರೆ ಕಣ್ಣು ಮೂಗು ತುಂಬಿಸಿ ಚೆಂದ ಮಾಡಿಕೊಡುತ್ತದೆ. ಅದು ಅಜ್ಜಿಯಲ್ಲ, ಅದರ ಊಹೆ. ನಾನು ಹಾಗೆ ಮಾಡಲಿಲ್ಲ. ಇದ್ದಷ್ಟನ್ನೇ ಸ್ವಲ್ಪ ದೊಡ್ಡದು ಮಾಡಿ, ಸಣ್ಣ ಫ್ರೇಮ್ ಹಾಕಿ ಕೊಟ್ಟೆ. ಅವನ ಅಮ್ಮ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಮೂಗುತಿ ಕಾಣಿಸ್ತಾ ಇಲ್ವಲ್ಲ" ಅಂದರು.